ಶಿರಸಿಯಿಂದ 72 ಜಿಬಿ: ದೊಡ್ಡ ಫೈಲ್ ಕಳಿಸುವ ನನ್ನ ಅನುಭವ

ನಾನು ಶಿರಸಿಯಲ್ಲಿ ಕುಳಿತು ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಮದುವೆ, ಉಪನಯನಗಳ ಕೆಲಸ ಹಾವೇರಿ, ಹುಬ್ಬಳ್ಳಿ ಕಡೆಯಿಂದ ಬರುತ್ತದೆ. ವರ್ಷಕ್ಕೆ ಒಂದೆರಡು ಸಾಕ್ಷ್ಯಚಿತ್ರಗಳು ಬೆಂಗಳೂರಿನಿಂದ ಬರುತ್ತವೆ. ಆರಂಭದಲ್ಲಿ ರೆಂಡರ್ (ಎಡಿಟ್ ಮಾಡಿದ್ದನ್ನು ಒಂದೇ ವಿಡಿಯೊ ಫೈಲಾಗಿ ತೆಗೆಯುವುದು) ಮುಗಿಸಿ ಲಿಂಕ್ ಕಳಿಸಿದರೆ ನನ್ನ ಹೊಣೆ ತೀರಿತು ಎಂದುಕೊಂಡಿದ್ದೆ. ಆ ಕಡೆಯವರು ಫೈಲನ್ನು ಇಳಿಸಿಕೊಂಡು, ತೆರೆದು, ಕೊನೆಯವರೆಗೂ ನೋಡುವ ತನಕ ಅದು ತಲುಪಿದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಮೂರ್ನಾಲ್ಕು ಸಲ ಪೆಟ್ಟು ತಿಂದ ಮೇಲೆ ಗೊತ್ತಾಯಿತು.

ಈಗ ಕೆಲಸ ಒಪ್ಪಿಕೊಳ್ಳುವ ಮೊದಲೇ ಗಾತ್ರದ ಲೆಕ್ಕ ಹಾಕುತ್ತೇನೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದ ಒಂದು ಗಂಟೆಯ 4ಕೆ ದೃಶ್ಯ 45 ಜಿಬಿ ಆಗುತ್ತದೆ. ಮದುವೆಯ 40 ನಿಮಿಷದ ಚಿತ್ರವನ್ನು ನಾನು 40 ಮೆಗಾಬಿಟ್ ದರದಲ್ಲಿ ರೆಂಡರ್ ಮಾಡಿದರೆ 12 ಜಿಬಿ. ಜಿಮೇಲ್ ಒಂದು ಪತ್ರದ ಜೊತೆ ಲಗತ್ತಿಸಲು ಬಿಡುವ 25 ಎಂಬಿಯಲ್ಲಿ ಈ ಚಿತ್ರದ ಐದು ಸೆಕೆಂಡು ಮಾತ್ರ ಹಿಡಿಯುತ್ತದೆ. ಜಿಪ್ ಮಾಡಿದರೆ ಚಿಕ್ಕದಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕ್ಯಾಮೆರಾ ಮತ್ತು ರೆಂಡರ್ ಎರಡೂ ಕಡೆ ವಿಡಿಯೊ ಆಗಲೇ ಹಿಂಡಿಹೋಗಿರುವುದರಿಂದ ಜಿಪ್‌ಗೆ ಹಿಂಡಲು ಏನೂ ಉಳಿದಿರುವುದಿಲ್ಲ. ಹತ್ತಾರು ಫೈಲುಗಳನ್ನು ಒಂದೇ ಗಂಟಿನಲ್ಲಿ ಕಟ್ಟಬೇಕಾದಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ವೇಗದ ಲೆಕ್ಕದಲ್ಲಿಯೂ ನಾನು ಎಡವಿದ್ದೇನೆ. ಇಂಟರ್‌ನೆಟ್ ಕಂಪನಿಗಳು ಹೇಳುವುದು ಮೆಗಾಬಿಟ್, ನಮ್ಮ ಫೈಲುಗಳ ಗಾತ್ರ ಇರುವುದು ಮೆಗಾಬೈಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್. ಸೆಕೆಂಡಿಗೆ 40 ಮೆಗಾಬಿಟ್ ಅಪ್‌ಲೋಡ್ ಇದ್ದರೆ, ಎಲ್ಲವೂ ಸರಿಯಾಗಿ ನಡೆದಾಗ, ಹೋಗುವುದು 5 ಎಂಬಿ. ಸಾಕ್ಷ್ಯಚಿತ್ರವೊಂದರ 52 ನಿಮಿಷದ ಪ್ರತಿಯನ್ನು ಕಲರ್ ಗ್ರೇಡಿಂಗ್‌ಗಾಗಿ, ಅಂದರೆ ಬಣ್ಣ ಹದಗೊಳಿಸಲು, ಬೆಂಗಳೂರಿನ ಸ್ಟುಡಿಯೋಗೆ ಪ್ರೋರೆಸ್ 422 ಎಚ್‌ಕ್ಯೂ ಎಂಬ, ಕಡಿಮೆ ಹಿಂಡುವ ವಿಡಿಯೊ ಮಾದರಿಯಲ್ಲಿ ಕೊಡಬೇಕಾಗಿ ಬಂದಾಗ ಅದರ ಗಾತ್ರ 72 ಜಿಬಿ ಆಯಿತು. ಅದನ್ನು ಕಳಿಸಲು ಕಾಗದದ ಮೇಲೆ ನಾಲ್ಕು ಗಂಟೆ ಸಾಕು. ಆದರೆ ಅದು ಜುಲೈ ತಿಂಗಳು, ಶಿರಸಿಯ ಮಳೆ.

ರಾತ್ರಿ ಹತ್ತಕ್ಕೆ ಬ್ರೌಸರಿನಲ್ಲಿ ಅಪ್‌ಲೋಡ್‌ಗೆ ಹಚ್ಚಿ ಮಲಗಿದೆ. ಒಂದೂವರೆಗೆ ಎಚ್ಚರವಾಗಿ ನೋಡಿದಾಗ ಶೇಕಡ 83 ತೋರಿಸುತ್ತಿತ್ತು. ನೋಡುತ್ತಿದ್ದಂತೆಯೇ ಕರೆಂಟ್ ಹೋಯಿತು. ಕಂಪ್ಯೂಟರಿಗೆ ಯುಪಿಎಸ್ ಇತ್ತು. ಹಜಾರದ ಮೂಲೆಯಲ್ಲಿದ್ದ ರೌಟರಿಗೆ ಇರಲಿಲ್ಲ. ಕರೆಂಟ್ ಬಂದ ಮೇಲೆ ಪುಟ ಮತ್ತೆ ಸೊನ್ನೆಯಿಂದ ಶುರುಮಾಡಿತು. ಮರುದಿನವೇ ರೌಟರಿನ ತಂತಿಯನ್ನು ಇನ್ವರ್ಟರ್‌ಗೆ ಜೋಡಿಸಿದೆ. ಅಂದಿನಿಂದ ಐದಾರು ಜಿಬಿಗಿಂತ ದೊಡ್ಡದನ್ನು ಬ್ರೌಸರಿನಲ್ಲಿ ಕಳಿಸುವುದನ್ನೂ ಬಿಟ್ಟಿದ್ದೇನೆ. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳ ಕಂಪ್ಯೂಟರ್ ಆವೃತ್ತಿಗಳು ಫೈಲನ್ನು ತುಂಡು ತುಂಡಾಗಿ ಕಳಿಸುತ್ತವೆ. ಸಂಪರ್ಕ ಕಡಿದರೆ ಮರಳಿ ಬಂದಾಗ ಮುಂದುವರಿಸುತ್ತವೆ. ಸ್ಟುಡಿಯೋದವರು ಫೈಲುಗಳನ್ನು ನೇರವಾಗಿ ಹಾಕಲು ತಮ್ಮದೇ ಎಸ್‌ಎಫ್‌ಟಿಪಿ ಸರ್ವರ್ ಕೊಟ್ಟಿದ್ದರೆ ಫೈಲ್‌ಝಿಲ್ಲಾ ಎಂಬ ತಂತ್ರಾಂಶ ಬಳಸುತ್ತೇನೆ. ನೋಡಲು ಹಳೆಯ ಕಾಲದ್ದಾದರೂ ಅರ್ಧಕ್ಕೆ ನಿಂತ ಫೈಲನ್ನು ಅಲ್ಲಿಂದಲೇ ಎತ್ತಿಕೊಳ್ಳುವುದರಲ್ಲಿ ಅದರ ಮೇಲೆ ನನಗೆ ಪೂರ್ತಿ ನಂಬಿಕೆ.

ಅದೇ 72 ಜಿಬಿ ಇನ್ನೊಂದು ಪಾಠವನ್ನೂ ಕಲಿಸಿತು. ಎರಡನೆಯ ಯತ್ನದಲ್ಲಿ ಫೈಲ್ ಹೋಯಿತು, ಸ್ಟುಡಿಯೋದವರು ಇಳಿಸಿಕೊಂಡರು, "ಸಿಕ್ಕಿತು" ಎಂದರು. ಮೂರು ದಿನ ಬಿಟ್ಟು, ಗ್ರೇಡಿಂಗ್‌ಗೆ ಕೂರುವ ಹಿಂದಿನ ಸಂಜೆ, 41ನೇ ನಿಮಿಷದಿಂದ ಮುಂದೆ ಪರದೆ ಹಸಿರಾಗುತ್ತಿದೆ ಎಂದು ಫೋನ್ ಬಂತು. ಅವರ ಬಳಿ ಇಳಿದ ಪ್ರತಿ ಅರ್ಧದಲ್ಲಿ ಕೆಟ್ಟಿತ್ತು. ಹೆಸರು ಅದೇ ಇದ್ದುದರಿಂದ ಯಾರೂ ಅನುಮಾನಿಸಿರಲಿಲ್ಲ. ಈಗ ಪ್ರತಿ ದೊಡ್ಡ ಫೈಲಿನ ಜೊತೆ ಅದರ ಎಸ್‌ಎಚ್‌ಎ-256 ಮೊತ್ತವನ್ನು ಒಂದು ಸಣ್ಣ ಟೆಕ್ಸ್ಟ್ ಫೈಲಿನಲ್ಲಿ ಕಳಿಸುತ್ತೇನೆ. ಅದು 64 ಅಂಕಿ ಅಕ್ಷರಗಳ ಒಂದು ಸಾಲು, ಫೈಲಿನ ಬೆರಳಚ್ಚು ಇದ್ದಂತೆ. ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬದಲಾಗುತ್ತದೆ. ಅದನ್ನು ತೆಗೆಯಲು ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಮ್ಯಾಕ್‌ನಲ್ಲಿ ಶಾಸಮ್ ಎಂಬ ಆದೇಶಗಳು ಮೊದಲೇ ಇವೆ, ಬೇರೇನೂ ಕೊಳ್ಳಬೇಕಿಲ್ಲ. ಆ ಕಡೆಯವರು ತಮ್ಮ ಪ್ರತಿಯ ಮೊತ್ತ ತೆಗೆದು, ಕೊನೆಯ ಆರು ಅಕ್ಷರ ಓದಿ ಹೇಳಿದರೆ ನನಗೆ ಸಾಕು.

ಮದುವೆ ಮನೆಯವರಿಗೆ ಇದನ್ನೆಲ್ಲ ಹೇಳಲಾಗುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅವರಿಗೆ ಮೊದಲು ನೋಡುವುದಕ್ಕೆಂದೇ ಒಂದು ಹಗುರ ಪ್ರತಿ ಮಾಡುತ್ತೇನೆ: ಮೂಲೆಯಲ್ಲಿ ಸಮಯ ಓಡುವ, ನಡುವೆ ನನ್ನ ಹೆಸರು ಮಸುಕಾಗಿ ಕಾಣುವ, 450 ಎಂಬಿ ಮೀರದ ಪ್ರತಿ. ಇದು ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ. ವಿಡಿಯೊ ಎಂದು ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಮತ್ತೆ ಹಿಂಡಿ ಮುಖಗಳನ್ನೆಲ್ಲ ಕಲಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ 2 ಜಿಬಿಯವರೆಗೆ ಇದ್ದದ್ದು ಇದ್ದಂತೆಯೇ ತಲುಪುತ್ತದೆ. "12 ನಿಮಿಷ 20 ಸೆಕೆಂಡಿನ ಹತ್ತಿರ ಅಕ್ಷತೆ ಹಾಕುವಾಗ ನಮ್ಮ ದೊಡ್ಡಮ್ಮ ಇಲ್ಲ" ಎಂದು ಅವರು ನಿಖರವಾಗಿ ಹೇಳುತ್ತಾರೆ, ನಾನು ಸೇರಿಸುತ್ತೇನೆ. ಬಾಕಿ ಹಣ ಬಂದ ಮೇಲೆಯೇ ಪೂರ್ಣ ಪ್ರತಿ. ಇದನ್ನು ಮೊದಲ ದಿನವೇ ಹೇಳಿಬಿಡುವುದರಿಂದ ಯಾರೂ ಬೇಸರಪಟ್ಟಿಲ್ಲ.

ಹಾವೇರಿಯ ಮದುವೆಯೊಂದರ 12 ಜಿಬಿ ಲಿಂಕನ್ನು ಮದುಮಗಳ ತಂದೆಗೆ ಕಳಿಸಿದ್ದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. "ಸರ, ಚೂರು ಇಳಿದು ನಿಂತ ಬಿಡ್ತದ ನೋಡ್ರಿ. ದಿನಾ ಹಿಂಗ ಆಗಾಕತ್ತೈತಿ." ಅವರು ಇಳಿಸುತ್ತಿದ್ದುದು ಮೊಬೈಲಿನಲ್ಲಿ, ಅವರ ಪ್ಯಾಕಿನಲ್ಲಿದ್ದುದು ದಿನಕ್ಕೆ 2 ಜಿಬಿ. ತಪ್ಪು ನನ್ನದು, ಯಾವುದರಲ್ಲಿ ನೋಡುತ್ತೀರಿ ಎಂದು ನಾನು ಕೇಳಿಯೇ ಇರಲಿಲ್ಲ. ಫೈಲನ್ನು ತುಂಡು ಮಾಡಿ ಕಳಿಸಬಹುದಿತ್ತು, ಆದರೆ ಆ ತುಂಡುಗಳನ್ನು ಜೋಡಿಸುವುದನ್ನು ಅವರಿಗೆ ಫೋನಿನಲ್ಲಿ ಕಲಿಸುವುದಕ್ಕಿಂತ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊರಿಯರ್ ಮಾಡುವುದೇ ಸುಲಭವೆನಿಸಿತು. ಅವರ ಟಿವಿಗೆ ನೇರವಾಗಿ ಚುಚ್ಚಬಹುದಾದ ಪೆನ್‌ಡ್ರೈವ್. ಅದನ್ನು ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿದೆ, ಏಕೆಂದರೆ ಹಳೆಯ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಕೂರುವುದಿಲ್ಲ. ಅದೇ ಮದುವೆಯ ಲಿಂಕ್ ನ್ಯೂಜೆರ್ಸಿಯಲ್ಲಿರುವ ಮಗನಿಗೂ ಹೋಯಿತು. ಅವರು ಅರ್ಧ ಗಂಟೆಯಲ್ಲಿ ಇಳಿಸಿಕೊಂಡು ಧನ್ಯವಾದ ಬರೆದರು.

ಲಿಂಕ್ ಕಳಿಸುವಾಗಲೂ ಸಣ್ಣ ತಪ್ಪುಗಳಿಗೆ ದೊಡ್ಡ ಬೆಲೆ ತೆತ್ತಿದ್ದೇನೆ. ಡ್ರೈವ್‌ನಲ್ಲಿ ಹೊಸ ಫೈಲ್ ನನಗೊಬ್ಬನಿಗೇ ಕಾಣುವಂತೆ ಇರುತ್ತದೆ. ಲಿಂಕ್ ಇರುವ ಯಾರಾದರೂ ನೋಡಬಹುದು ಎಂದು ಬದಲಿಸದೆ ಕಳಿಸಿದರೆ ಆ ಕಡೆಯವರು ಅನುಮತಿ ಕೇಳಿ ಕಾಯುತ್ತಾ ಕೂರುತ್ತಾರೆ. ಅಮೆರಿಕದ ಹಗಲು ನಮ್ಮ ರಾತ್ರಿಯಾದ್ದರಿಂದ ಅನುಮತಿ ಕೋರಿದ ಪತ್ರವನ್ನು ನಾನು ಬೆಳಿಗ್ಗೆ ಎದ್ದು ನೋಡಿದ್ದೂ ಉಂಟು. ಈಗ ಲಿಂಕನ್ನು ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು, ಲಾಗಿನ್ ಆಗದೆಯೇ ಡೌನ್‌ಲೋಡ್ ಗುಂಡಿ ಕಂಡ ಮೇಲೆಯೇ ಕಳಿಸುತ್ತೇನೆ. ಇಡೀ ಫೋಲ್ಡರನ್ನು ಡ್ರೈವ್‌ನಿಂದ ಇಳಿಸಿದರೆ ಅದು ಹಲವು ಜಿಪ್‌ಗಳಾಗಿ ಒಡೆದು ಬರುವುದುಂಟು, ಜನ ಒಂದನ್ನು ಇಳಿಸಿ ಉಳಿದದ್ದನ್ನು ಮರೆಯುತ್ತಾರೆ. ಆದ್ದರಿಂದ "ಒಟ್ಟು 14 ಫೈಲ್, 38.2 ಜಿಬಿ" ಎಂದು ಸಂದೇಶದಲ್ಲಿಯೇ ಬರೆಯುತ್ತೇನೆ.

ಡ್ರೈವ್‌ನ ಉಚಿತ 15 ಜಿಬಿಯಲ್ಲಿ ಜಿಮೇಲ್ ಮತ್ತು ಫೋಟೋಸ್ ಕೂಡ ಪಾಲುದಾರರು. ಅದು ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಹೀಗಾಗಿ ಕೆಲಸಕ್ಕೆ ಬೇರೆ ಖಾತೆ ಮಾಡಿ ಜಾಗ ಕೊಂಡಿದ್ದೇನೆ. ಜಾಗ ಕೊಳ್ಳಲು ಮನಸ್ಸಿಲ್ಲದವರಿಗೆ ಸ್ವಿಸ್‌ಟ್ರಾನ್ಸ್‌ಫರ್ ಇದೆ, 50 ಜಿಬಿಯವರೆಗೆ ಉಚಿತ, ಖಾತೆಯೂ ಬೇಡ, ಗರಿಷ್ಠ 30 ದಿನ ಲಿಂಕ್ ಇರುತ್ತದೆ. ಆದರೆ ಯಾವುದೇ ಒಂದನ್ನೇ ನೆಚ್ಚಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ದೂರಸಂಪರ್ಕ ಇಲಾಖೆಯ ಆದೇಶದಂತೆ ದೊಡ್ಡ ಫೈಲ್ ಕಳಿಸುವ ವಿಟ್ರಾನ್ಸ್‌ಫರ್ ತಾಣವನ್ನು ಭಾರತದಲ್ಲಿ ನಿರ್ಬಂಧಿಸಲಾಯಿತು. ಅದನ್ನೇ ಬಳಸುತ್ತಿದ್ದವರೆಲ್ಲ ರಾತ್ರೋರಾತ್ರಿ ಬೇರೆ ದಾರಿ ಹುಡುಕಬೇಕಾಯಿತು.

ರಾ ಫುಟೇಜ್, ಅಂದರೆ ಕ್ಯಾಮೆರಾದಿಂದ ಬಂದ ಮೂಲ ದೃಶ್ಯಗಳು, ಪೂರ್ತಿ ಬೇಕು ಎಂದಾಗ ಮಾತ್ರ ನಾನು ಇಂಟರ್‌ನೆಟ್ಟಿನ ಗೋಜಿಗೇ ಹೋಗುವುದಿಲ್ಲ. ಒಂದು ಟಿಬಿಯನ್ನು ನನ್ನ ಸಂಪರ್ಕದಲ್ಲಿ ಕಳಿಸಲು ಎಡೆಬಿಡದೆ 55 ಗಂಟೆ ಬೇಕು. ಹಾರ್ಡ್‌ಡಿಸ್ಕನ್ನು ಬಬಲ್ ಹಾಳೆಯಲ್ಲಿ ಸುತ್ತಿ ರಾತ್ರಿ ಬಸ್ಸಿನ ಪಾರ್ಸೆಲ್‌ಗೆ ಕೊಟ್ಟರೆ ಬೆಳಿಗ್ಗೆ ಬೆಂಗಳೂರಿನಲ್ಲಿರುತ್ತದೆ. ಡಿಸ್ಕಿನ ಇನ್ನೊಂದು ಪ್ರತಿ ನನ್ನ ಕಪಾಟಿನಲ್ಲಿ ಉಳಿಯುತ್ತದೆ. ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ: ಕಳಿಸಿದ ದಿನ, ಗಾತ್ರ, ಲಿಂಕಿನ ಕೊನೆಯ ದಿನ, ಮತ್ತು "ತೆರೆದು ನೋಡಿದರು" ಎಂಬ ಕೊನೆಯ ಅಂಕಣ. ಆ ಅಂಕಣ ಖಾಲಿ ಇರುವವರೆಗೆ ನಾನು ಏನನ್ನೂ ಅಳಿಸುವುದಿಲ್ಲ. ಹಾವೇರಿಯವರ ಸಾಲಿನಲ್ಲಿ ಅದು ಹನ್ನೊಂದು ದಿನ ಖಾಲಿ ಇತ್ತು. ಹನ್ನೆರಡನೆಯ ದಿನ ಅವರು ಟಿವಿಯ ಮುಂದೆ ಮನೆಮಂದಿಯೆಲ್ಲ ಕುಳಿತ ಫೋಟೊ ಕಳಿಸಿದಾಗ ಟಿಕ್ ಹಾಕಿದೆ.