ಕೊಡಗಲ್ಲಿ ಹೋಮ್‌ಸ್ಟೇ ಶುರು ಮಾಡ್ಬೇಕಾ? ಆ್ಯಪ್‌ಗೆ ಫೋಟೋ ಹಾಕೋ ಮುಂಚೆ ಆರ್‌ಟಿಸಿ (ಪಹಣಿ) ತೆಗೀರಿ

ಹೋದ ಡಿಸೆಂಬರಲ್ಲಿ ನಾಪೋಕ್ಲು ಕಡೆಯ ಅಕ್ಕ ಒಬ್ರು ಫೋನ್ ಮಾಡಿದ್ರು. ಮಗ ಬೆಂಗ್ಳೂರಿಂದ ರಜೆಗೆ ಬಂದವ್ನು ಮನೆಯ ಎರಡು ರೂಮಿನ ಫೋಟೋ ತೆಗೆದು ಆ್ಯಪ್‌ಗೆ ಹಾಕಿ ವಾಪಸ್ ಹೋಗಿದ್ದಾನೆ, ಇಯರ್ ಎಂಡ್‌ಗೆ ಮೂರು ದಿನದ ಬುಕಿಂಗ್ ಬಂದುಬಿಟ್ಟಿದೆ, "ಇದಕ್ಕೆ ಲೈಸೆನ್ಸು ಅಂತ ಏನಾದ್ರೂ ಬೇಕಾಗ್ತದಾ?" ಅಂತ ಕೇಳಿದ್ರು. ಬೇಕಾಗ್ತದೆ ಅಕ್ಕ ಅಂದೆ. ನಾವು ಮನೆಯಲ್ಲೇ ಮೂರು ರೂಮ್ ಇಟ್ಕೊಂಡು ಹೋಮ್‌ಸ್ಟೇ ನಡೆಸ್ತಾ ಕೆಲವು ವರ್ಷ ಆಯ್ತು, ಈ ಪ್ರಶ್ನೆ ನನಗೆ ತಿಂಗಳಿಗೆ ಒಂದು ಸಲನಾದ್ರೂ ಬರ್ತದೆ, ಮತ್ತೆ ಹೆಚ್ಚಿನವರು ಕೇಳೋದು ಬುಕಿಂಗ್ ಬಂದ ಮೇಲೇನೇ. ಅದಕ್ಕೆ ಯಾವುದು ಮೊದಲು ಯಾವುದು ಆಮೇಲೆ ಅಂತ ಇಲ್ಲಿ ಬರೀತಾ ಇದ್ದೀನಿ. ಕ್ರಮ ತಪ್ಪಿದ್ರೆ ಒಂದೇ ಆಫೀಸಿಗೆ ನಾಲ್ಕು ಸಲ ಓಡಾಡ್ಬೇಕಾಗ್ತದೆ.

ಮೊದಲು ನಿಮ್ಮದು ಹೋಮ್‌ಸ್ಟೇ ಹೌದಾ ನೋಡ್ಕೊಳ್ಳಿ

ನಮ್ಮಲ್ಲಿ ತೋಟದಲ್ಲಿ ಎಂತ ಕಟ್ಟಿದ್ರೂ ಹೋಮ್‌ಸ್ಟೇ ಅಂತಾನೇ ಬೋರ್ಡ್ ಹಾಕ್ತಾರೆ. ಸರ್ಕಾರದ ಲೆಕ್ಕದಲ್ಲಿ ಹಾಗಲ್ಲ. ಮನೆಯವರು ಅಲ್ಲೇ ವಾಸ ಇರಬೇಕು, ಗೆಸ್ಟ್‌ಗೆ ಕೊಡೋ ರೂಮು ಐದಕ್ಕಿಂತ ಜಾಸ್ತಿ ಇರಬಾರದು. ನೀವು ಮೈಸೂರಲ್ಲೋ ಬೆಂಗ್ಳೂರಲ್ಲೋ ಇದ್ದು, ಇಲ್ಲಿ ಎಂಟು ಕಾಟೇಜ್ ಕಟ್ಟಿ ಮ್ಯಾನೇಜರ್ ಇಟ್ಟು ನಡೆಸೋದಾದ್ರೆ ಅದು ಲಾಡ್ಜೋ ರೆಸಾರ್ಟೋ ಆಗ್ತದೆ, ಅದರ ಕಾಗದಪತ್ರ, ಖರ್ಚು ಎಲ್ಲಾ ಬೇರೆ, ಈ ಲೇಖನ ಅದಕ್ಕಲ್ಲ. ಮನೆಯವರು ಇರಬೇಕು ಅನ್ನೋ ನಿಯಮ ನನಗೆ ಬಹಳ ಸರಿ ಅನ್ನಿಸ್ತದೆ. ರಾತ್ರಿ ಹನ್ನೊಂದಕ್ಕೆ ಗೆಸ್ಟ್‌ನ ಮಗುವಿಗೆ ಜ್ವರ ಬಂದಾಗ ಬಾಗಿಲು ತಟ್ಟೋಕೆ ಒಬ್ಬರು ಬೇಕಲ್ಲ.

ಆಮೇಲೆ ಜಾಗದ ಕಾಗದ, ಕೊಡಗಲ್ಲಿ ಎಲ್ಲರೂ ಸಿಕ್ಕಿಹಾಕಿಕೊಳ್ಳೋದು ಇಲ್ಲೇ

ಬೇರೆ ಜಿಲ್ಲೆಯವರಿಗೆ ಇದು ಅರ್ಧ ದಿನದ ಕೆಲಸ ಇರಬಹುದು. ನಮಗೆ ಜಮ್ಮಾ (ವಂಶಪಾರಂಪರ್ಯದ ಹಿಡುವಳಿ) ಉಂಟು, ಬಾಣೆ (ಗದ್ದೆಗೆ ಸೇರಿದ ಮೇಲಿನ ಜಾಗ) ಉಂಟು, ಆರ್‌ಟಿಸಿ ತೆಗೆದ್ರೆ ಪಟ್ಟೇದಾರರ, ಅಂದ್ರೆ ಕುಟುಂಬದ ಹಿರಿಯರ ಹೆಸರು, ಅದರ ಜೊತೆ ಒಕ್ಕದ (ಒಂದೇ ಮನೆತನದ) ಇನ್ನೂ ಏಳೆಂಟು ಜನರ ಹೆಸರು, ಅದರಲ್ಲಿ ಇಬ್ಬರು ಮೂವರು ತೀರಿಕೊಂಡು ಇಪ್ಪತ್ತು ವರ್ಷ ಆಗಿರ್ತದೆ. ಮನೆ ಕಟ್ಟಿದ್ದು ನೀವು, ತೋಟ ನೋಡ್ತಾ ಇರೋದು ನೀವು, ಊರಿಗೆಲ್ಲ ಅದು ನಿಮ್ಮ ಭಾಗ ಅಂತ ಗೊತ್ತು, ಆದ್ರೆ ಕಾಗದ ಹಾಗೆ ಹೇಳಲ್ಲ. ಅರ್ಜಿ ಕೊಟ್ಟಾಗ "ಜಾಗ ನಿಮ್ಮ ಹೆಸರಲ್ಲಿ ಎಲ್ಲಿದೆ" ಅಂತ ಕೇಳಿದ್ರೆ ಉತ್ತರ ಬೇಕು.

ನಾಪೋಕ್ಲಿನ ಅಕ್ಕನ ಆರ್‌ಟಿಸಿ ನಾನೇ ಮೊಬೈಲಲ್ಲಿ ಭೂಮಿ ವೆಬ್‌ಸೈಟಿಂದ ತೆಗೆದು ನೋಡಿದೆ. ಅವರ ಗಂಡನ ಹೆಸರೇ ಇರಲಿಲ್ಲ, ಮಾವನ ಹೆಸರು ಇತ್ತು, ಮಾವ ಹೋಗಿ ಎಷ್ಟೋ ವರ್ಷ ಆಗಿದೆ. ಹೀಗಿದ್ರೆ ಮೊದಲು ಪೌತಿ ಖಾತೆ ಮಾಡಿಸ್ಕೊಳ್ಳಿ, ಅಂದ್ರೆ ತೀರಿಕೊಂಡವರ ಮರಣ ಪ್ರಮಾಣ ಪತ್ರ, ವಂಶವೃಕ್ಷ ಇಟ್ಟು ವಾರಸುದಾರರ ಹೆಸರಿಗೆ ಮಾಡಿಸೋದು. ಜಂಟಿ ಹೆಸರು ಇರೋ ಕಡೆ ಉಳಿದವರಿಂದ ಸ್ಟ್ಯಾಂಪ್ ಪೇಪರಲ್ಲಿ ಒಪ್ಪಿಗೆ ಪತ್ರ ಬರೆಸಿ ನೋಟರಿ ಮಾಡಿಸಿ ಇಟ್ಕೊಳ್ಳಿ. ಅಣ್ಣ ತಮ್ಮ ಚೆನ್ನಾಗಿದ್ದೀವಿ, ಇದೆಲ್ಲ ಯಾಕೆ ಅಂತ ಬಿಡಬೇಡಿ, ಚೆನ್ನಾಗಿರುವಾಗಲೇ ಸಹಿ ಸಿಗೋದು. ಮತ್ತೆ ಐನ್‌ಮನೆಯನ್ನ (ಮನೆತನದ ಮೂಲ ಮನೆಯನ್ನ) ಹೋಮ್‌ಸ್ಟೇ ಮಾಡೋ ಯೋಚನೆ ಇದ್ರೆ ಇನ್ನೂ ಜಾಗ್ರತೆ, ಅದು ಇಡೀ ಒಕ್ಕಕ್ಕೆ ಸೇರಿದ್ದು, ಅಲ್ಲಿ ಈಗ ಯಾರು ವಾಸ ಇದ್ದಾರೋ ಅವರೊಬ್ಬರ ತೀರ್ಮಾನ ಸಾಲದು, ಒಕ್ಕದ ಸಭೆ ಸೇರಿ ಒಪ್ಪಿ ಬರಹದಲ್ಲಿ ಇರಬೇಕು.

ಇನ್ನೊಂದು ಕನ್ವರ್ಷನ್. ಕೃಷಿ ಜಮೀನಲ್ಲಿ ನಿಮ್ಮ ವಾಸಕ್ಕೆ ತೋಟದ ಮನೆ ಇರೋದು ಒಂದು ವಿಷಯ, ಗೆಸ್ಟ್‌ಗೇ ಅಂತ ಹೊಸದಾಗಿ ಕಾಟೇಜ್ ಎಬ್ಬಿಸೋದು ಬೇರೆ ವಿಷಯ. ಎರಡನೇದಕ್ಕೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಡಿಸಿಯಿಂದ ಭೂ ಪರಿವರ್ತನೆ ಬೇಕು. ಕಟ್ಟಿಬಿಟ್ಟು ಆಮೇಲೆ ಕನ್ವರ್ಷನ್‌ಗೆ ಓಡಿದವರ ಕಷ್ಟ ನೋಡಿದ್ದೀನಿ, ಹಾಗಾಗಿ ಕೈ ಮುಗಿದು ಕೇಳ್ತೀನಿ, ಇರೋ ಮನೆಯ ಇರೋ ರೂಮಲ್ಲೇ ಶುರು ಮಾಡಿ.

ಪಂಚಾಯ್ತಿ, ಪೊಲೀಸ್, ಪ್ರವಾಸೋದ್ಯಮ ಇಲಾಖೆ

ಹಳ್ಳಿಯಾದ್ರೆ ಗ್ರಾಮ ಪಂಚಾಯ್ತಿ, ಮಡಿಕೇರಿ ಟೌನಾದ್ರೆ ನಗರಸಭೆ, ವಿರಾಜಪೇಟೆ, ಕುಶಾಲನಗರದಲ್ಲಿ ಪುರಸಭೆ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ರ ಹೋಗೋ ಮುಂಚೆ ಕಂದಾಯ ಬಾಕಿ ಕಟ್ಟಿ ರಸೀದಿ ಕೈಯಲ್ಲಿ ಹಿಡ್ಕೊಳ್ಳಿ, ಬಾಕಿ ಇದ್ರೆ ಮಾತು ಅಲ್ಲಿಗೇ ನಿಲ್ತದೆ. ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು. ಆಮೇಲೆ ನಿಮ್ಮ ಸ್ಟೇಷನ್‌ನಿಂದ ಪೊಲೀಸ್ ಎನ್‌ಒಸಿ, ನಿಮ್ಮ ಮೇಲೆ ಕೇಸ್ ಗೀಸ್ ಇದೆಯಾ, ಜಾಗ ಎಲ್ಲಿ, ಯಾರು ನೋಡ್ಕೊಳ್ತಾರೆ ಅಂತ ವಿಚಾರಿಸ್ತಾರೆ.

ಇದೆಲ್ಲ ಫೈಲಲ್ಲಿ ಸೇರಿದ ಮೇಲೆ ಪ್ರವಾಸೋದ್ಯಮ ಇಲಾಖೆಗೆ ಅರ್ಜಿ. ನಮ್ಮ ಜಿಲ್ಲೆಗೆ ಆಫೀಸು ಮಡಿಕೇರೀಲಿ ಉಂಟು. ಅವರು ಬಂದು ಮನೆ ನೋಡ್ತಾರೆ, ರೂಮಿಗೆ ಗಾಳಿ ಬೆಳಕು, ಅಟ್ಯಾಚ್ಡ್ ಬಾತ್‌ರೂಮ್, ಕುಡಿಯೋ ನೀರು, ಗಾಡಿ ನಿಲ್ಲಿಸೋಕೆ ಜಾಗ, ಬೆಂಕಿ ನಂದಿಸೋ ಸಿಲಿಂಡರ್, ಫಸ್ಟ್ ಏಯ್ಡ್ ಡಬ್ಬ, ಇಂಥದ್ದೆಲ್ಲ. ಸರ್ಟಿಫಿಕೇಟ್ ಬಂದ ಮೇಲೆ ಅದರ ಕೊನೆಯ ತಾರೀಖನ್ನ ಗೋಡೆ ಕ್ಯಾಲೆಂಡರಲ್ಲಿ ಬರೆದಿಡಿ, ರಿನ್ಯೂವಲ್ ಮರೆತು ಹೋಗೋದು ಸುಲಭ.

ಇನ್ಸ್‌ಪೆಕ್ಷನ್‌ಗೆ ಅಂತ ಅಲ್ಲ, ಇದೊಂದನ್ನ ನಿಮ್ಮ ಜೀವಕ್ಕೆ ಅಂತ ಮಾಡಿ. ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗಡೆ ಇಟ್ಟಿದ್ರೆ ಇವತ್ತೇ ಹೊರಗೆ ಹಾಕ್ಸಿ. ನಮ್ಮ ಚಳಿಗೆ ಗೆಸ್ಟ್ ಬಂದವರು ಕಿಟಕಿ, ವೆಂಟಿಲೇಟರ್ ಎಲ್ಲ ಮುಚ್ಚಿ ಅರ್ಧ ಗಂಟೆ ಬಿಸಿನೀರು ಬಿಡ್ತಾರೆ, ಆ ಸಣ್ಣ ಜಾಗದಲ್ಲಿ ಗ್ಯಾಸ್ ಸರಿಯಾಗಿ ಉರೀದೆ ಕಾರ್ಬನ್ ಮೊನಾಕ್ಸೈಡ್ ತುಂಬ್ತದೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ಒಳಗಿರೋರಿಗೆ ತಲೆ ತಿರುಗೋ ಹೊತ್ತಿಗೆ ಬಾಗಿಲು ತೆಗೆಯೋಕೆ ಶಕ್ತಿ ಇರಲ್ಲ. ನಮ್ಮ ಮನೇಲಿ ಗೀಸರನ್ನ ಹಿಂದಿನ ಜಗಲಿಯ ಗೋಡೆಗೆ ಹಾಕಿ ಪೈಪ್ ಮಾತ್ರ ಒಳಗೆ ಕೊಟ್ಟಿದ್ದೀವಿ, ವೆಂಟಿಲೇಟರ್‌ನ ಗಾಜು ತೆಗೆದು ಸೊಳ್ಳೆ ಮೆಶ್ ಹೊಡೆಸಿದ್ದೀವಿ, ಅದನ್ನ ಯಾರೂ ಮುಚ್ಚೋಕೆ ಆಗಲ್ಲ.

ಗೆಸ್ಟ್ ಬಂದ ಮೇಲೆ ಬರೋ ಕಾನೂನು

ರಿಜಿಸ್ಟರ್ ಒಂದು ಇಡಲೇಬೇಕು. ಹೆಸರು, ಊರು, ಫೋನ್, ಗಾಡಿ ನಂಬರ್, ಬಂದ ಹೊತ್ತು ಹೋದ ಹೊತ್ತು, ಎಲ್ಲರ ಐಡಿ, ಬುಕ್ ಮಾಡಿದ ಒಬ್ಬರದ್ದು ಮಾತ್ರ ಸಾಲದು. ಆಧಾರ್ ಕೊಟ್ರೆ ಮಾಸ್ಕ್ ಮಾಡಿದ (ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ) ಕಾಪಿ ತಗೊಳ್ಳಿ, ಡ್ರೈವಿಂಗ್ ಲೈಸೆನ್ಸ್ ಆದ್ರೂ ಆಗ್ತದೆ, ಆ ಕಾಪಿಗಳನ್ನ ಬೀರುವಲ್ಲಿ ಬೀಗ ಹಾಕಿಡಿ.

ವಿದೇಶಿಯರು ಬಂದ್ರೆ 24 ಗಂಟೆ ಒಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರ ಆನ್‌ಲೈನಲ್ಲಿ ಎಫ್‌ಆರ್‌ಆರ್‌ಒಗೆ (ವಿದೇಶಿಯರ ನೋಂದಣಿ ಕಚೇರಿಗೆ) ಕಳಿಸಬೇಕು. ಇದಕ್ಕೆ ಸಿ-ಫಾರ್ಮ್ ಅಂತಾನೇ ಈಗಲೂ ಎಲ್ಲರ ಬಾಯಲ್ಲಿ. 2025ರ ಸೆಪ್ಟೆಂಬರ್ 1ರಿಂದ ವಿದೇಶಿಯರಿಗೆ ಹೊಸ ಕಾಯ್ದೆ ಬಂದಿದೆ, 24 ಗಂಟೆಯ ಲೆಕ್ಕ ಮಾತ್ರ ಹಾಗೇ ಇದೆ. ಕುಶಾಲನಗರದ ಪಕ್ಕದ ಬೈಲಕುಪ್ಪೆ ಟಿಬೆಟಿಯನ್ ಕ್ಯಾಂಪಲ್ಲಿ ರಾತ್ರಿ ಉಳಿಯೋಕೆ ವಿದೇಶಿಯರಿಗೆ ಬೇರೆ ಪರ್ಮಿಟ್ ಬೇಕು, ಹಾಗಾಗಿ ಕುಶಾಲನಗರ ಸುತ್ತಮುತ್ತ ಹೋಮ್‌ಸ್ಟೇ ಮಾಡೋರು ಇದನ್ನ ಮೊದಲೇ ಕಲ್ತಿರಬೇಕು. ನಮಗೆ ಒಂದು ಸಲ ಇದರಲ್ಲಿ ತಪ್ಪಾಯ್ತು. ಜುಲೈ ತಿಂಗಳು, ಎರಡು ದಿನ ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಗಂಡ ಹೆಂಡತಿ ಇಬ್ಬರು ವಿದೇಶಿಯರು ಬಂದ್ರು, ಮಳೆ ನಿಂತ ಮೇಲೆ ಹಾಕಿದ್ರಾಯ್ತು ಅಂದ್ಕೊಂಡೆ, ಮೂರನೇ ದಿನ ಅವರು ಹೊರಟೇ ಹೋದ್ರು. ಸ್ಟೇಷನ್‌ಗೆ ಹೋಗಿ ಲಿಖಿತವಾಗಿ ವಿವರಣೆ ಕೊಟ್ಟು ಬಂದ ಮೇಲೆ ಅದನ್ನ ಬಿಟ್ಟಿಲ್ಲ, ನೆಟ್ ಇಲ್ಲ ಅಂದ್ರೆ ಪಾಸ್‌ಪೋರ್ಟ್ ಫೋಟೋ ಹಿಡ್ಕೊಂಡು ಜೀಪಲ್ಲಿ ಸಿಗ್ನಲ್ ಸಿಗೋ ಕಡೆಗೆ ಹೋಗಿ ಹಾಕಿ ಬರ್ತೀನಿ.

ಊಟ ಕೊಡೋದಾದ್ರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರ) ರಿಜಿಸ್ಟ್ರೇಷನ್ ಮಾಡಿಸಿ, 14 ಅಂಕಿಯ ನಂಬರ್ ಬರ್ತದೆ, ಅಡುಗೆಮನೆ ಹತ್ರ ಕಾಣೋ ಹಾಗೆ ಹಾಕಿ. ಪಂದಿ ಕರಿ, ಕಡಂಬುಟ್ಟು ಎಷ್ಟು ಬೇಕಾದ್ರೂ ಬಡಿಸಿ, ಡ್ರಿಂಕ್ಸ್ ಮಾತ್ರ ಮಾರಬೇಡಿ. ಅಬಕಾರಿ ಲೈಸೆನ್ಸ್ ಇಲ್ಲದೆ ಒಂದು ಪೆಗ್ ಮಾರಿದ್ರೂ ಅಪರಾಧ, ಮನೇಲೇ ಮಾಡಿದ ವೈನನ್ನ ದುಡ್ಡಿಗೆ ಕೊಟ್ರೂ ಅದೇ. ಗಾಂಜಾ ಸೇದ್ತಾರೆ ಅಂತ ಗೊತ್ತಿದ್ದೂ ಜಾಗ ಕೊಟ್ರೆ ಮನೆ ಮಾಲೀಕರ ಮೇಲೂ ಕೇಸ್ ಆಗ್ತದೆ, ಹಾಗಾಗಿ ಬುಕಿಂಗ್ ಹೊತ್ತಲ್ಲೇ ಬಾಯಿಬಿಟ್ಟು ಹೇಳಿ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಸ್ಪೀಕರ್ ಇಲ್ಲ.

ಕೋವಿ ವಿಷಯ ಬೇರೆ ಜಿಲ್ಲೆಯ ಲೇಖನದಲ್ಲಿ ಬರಲ್ಲ, ನಮ್ಮಲ್ಲಿ ಬರೆಯಲೇಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿಂದ ವಿನಾಯಿತಿ ಉಂಟು, ಆದ್ರೆ ಆ ವಿನಾಯಿತಿ ನಿಮಗೆ, ನಿಮ್ಮ ಗೆಸ್ಟ್‌ಗಲ್ಲ. ಗೋಡೆಯಲ್ಲಿ ನೇತಾಡೋ ಕೋವಿ ಕಂಡ ಕೂಡ್ಲೇ "ಅಂಕಲ್ ಒಂದು ಫೋಟೋ" ಅಂತ ಕೇಳ್ತಾರೆ. ಕೊಡಬೇಡಿ. ಗೆಸ್ಟ್ ಇರೋ ದಿನ ಅದು ಬೀಗದ ಒಳಗೆ ಇರಲಿ, ತೋಟಾ (ಗುಂಡು) ಬೇರೆ ಕಡೆ ಇರಲಿ.

ತೆರಿಗೆ

ಕಾಫಿಯಿಂದ ಬಂದ ದುಡ್ಡು, ರೂಮಿಂದ ಬಂದ ದುಡ್ಡು ಎರಡನ್ನೂ ಒಂದೇ ಪುಸ್ತಕದಲ್ಲಿ ಬರೀಬೇಡಿ. ರೂಮಿನ ಆದಾಯ ಕೃಷಿ ಆದಾಯ ಅಲ್ಲ, ಮನೆ ತೋಟದ ಮಧ್ಯೆ ಇದ್ರೂ ಅಲ್ಲ. ಬೇರೆ ಬ್ಯಾಂಕ್ ಅಕೌಂಟ್ ಇಟ್ಕೊಂಡ್ರೆ ರಿಟರ್ನ್ ಹಾಕುವಾಗ ಸುಲಭ. ಜಿಎಸ್‌ಟಿ ರಿಜಿಸ್ಟ್ರೇಷನ್ ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದ್ರೆ ಕಡ್ಡಾಯ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ತನಕದ ರೂಮಿಗೆ 5%, ಅದಕ್ಕಿಂತ ಮೇಲೆ 18%. ನೀವು ರಿಜಿಸ್ಟರ್ ಆಗಿಲ್ಲದೆ ಆ್ಯಪ್ ಮೂಲಕ ಬುಕಿಂಗ್ ತಗೊಂಡ್ರೆ ಆ ಜಿಎಸ್‌ಟಿಯನ್ನ ಆ್ಯಪ್‌ನವರೇ ಕಟ್ಟಬೇಕು. ಕರೆಂಟ್ ಮೀಟರ್ ಯಾವ ಟ್ಯಾರಿಫ್‌ಗೆ ಬರ್ತದೆ ಅಂತ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಸೆಕ್ಷನ್ ಆಫೀಸಲ್ಲಿ ಸರ್ಟಿಫಿಕೇಟ್ ತೋರಿಸಿ ಕೇಳಿ, ಉತ್ತರ ಬರಹದಲ್ಲೇ ತಗೊಳ್ಳಿ.

ಕಾಡು, ಮಳೆ

ಗೆಸ್ಟ್ ತಡಿಯಂಡಮೋಳ್ ಬೆಟ್ಟಕ್ಕೆ ಹೋಗ್ತೀವಿ ಅಂದ್ರೆ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಮೊದಲೇ ಮಾಡಿಸ್ಕೊಂಡು ಬರೋಕೆ ಹೇಳಿ, ಕಳ್ಳದಾರಿ ತೋರಿಸೋ ಗೈಡ್ ಜೊತೆ ಕಳಿಸಬೇಡಿ. ಸಿದ್ದಾಪುರ, ಪಾಲಿಬೆಟ್ಟ ಕಡೆ ತೋಟಕ್ಕೇ ಆನೆ ಬರ್ತದೆ, ಅಲ್ಲಿ ಕತ್ತಲಾದ ಮೇಲೆ ಗೆಸ್ಟನ್ನ ಅಂಗಳ ದಾಟೋಕೆ ಬಿಡಬೇಡಿ. ಕ್ಯಾಂಪ್‌ಫೈರ್ ಬೇಕಾದ್ರೆ ಕಲ್ಲಿನ ವೃತ್ತದ ಒಳಗೆ, ಪಕ್ಕದಲ್ಲಿ ಎರಡು ಕೊಡ ನೀರು, ಫೆಬ್ರವರಿ ಮಾರ್ಚಲ್ಲಿ ಅದೂ ಬೇಡ, ತರಗೆಲೆ ಅಷ್ಟು ಒಣಗಿರ್ತದೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಟೂರಿಸ್ಟ್‌ಗಳು ಜಿಲ್ಲೆಗೆ ಬರೋದನ್ನೇ ಕೆಲವು ದಿನ ನಿಲ್ಲಿಸಿದ್ರು. ಅಂಥ ಡಿಸಿ ಆದೇಶ ಬಂದ ದಿನ ಗೆಸ್ಟ್ ಇಟ್ಕೊಂಡಿದ್ರೆ ನಿಮ್ಮ ಸರ್ಟಿಫಿಕೇಟಿಗೂ ಕಷ್ಟ, ಅದಕ್ಕಿಂತ ಹೆಚ್ಚಾಗಿ ಅವರ ಜೀವಕ್ಕೆ ಕಷ್ಟ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕದ ಬುಕಿಂಗಿಗೆ "ಜಿಲ್ಲಾಡಳಿತ ಬೇಡ ಅಂದ್ರೆ ಪೂರ್ತಿ ದುಡ್ಡು ವಾಪಸ್" ಅಂತ ಕಂಡೀಷನ್ ಮೊದಲೇ ಬರೆದು ಹಾಕಿ. ನಾಪೋಕ್ಲಿನ ಅಕ್ಕ ಇಯರ್ ಎಂಡ್ ಬುಕಿಂಗ್ ಕ್ಯಾನ್ಸಲ್ ಮಾಡಿ ದುಡ್ಡು ವಾಪಸ್ ಕೊಟ್ರು, ಈಗ ಪೌತಿ ಖಾತೆ ಅರ್ಜಿ ಕೊಟ್ಟಾಗಿದೆ, ಮೈಸೂರಲ್ಲಿರೋ ಮೈದುನನ ಒಂದು ಸಹಿ ಬಾಕಿ ಉಂಟು, ಹುತ್ತರಿ ಹಬ್ಬಕ್ಕೆ ಊರಿಗೆ ಬಂದಾಗ ಹಾಕ್ತಾರಂತೆ.