ನಮ್ಮ ಗೇಮಿಂಗ್ ಸೆಂಟರ್‌ನ ವೈ-ಫೈ ಲ್ಯಾಗ್ ಇಳಿಸಿದ್ದು ಹೀಗೆ

ದಾವಣಗೆರೆಯಲ್ಲಿ ಕಾಲೇಜುಗಳ ಹತ್ತಿರ, ಒಂದು ಬಾಡಿಗೆ ಕಟ್ಟಡದ ಮೊದಲ ಮಹಡಿಯಲ್ಲಿ ನನ್ನ ಗೇಮಿಂಗ್ ಸೆಂಟರ್ ಇದೆ. 14 ಪಿಸಿ, 3 ಹಳೆಯ ಪಿಎಸ್4. ಪಕ್ಕದ ಸಣ್ಣ ರೂಮಿನಲ್ಲಿ ಹುಡುಗರು ತಮ್ಮ ಮೊಬೈಲ್‌ನಲ್ಲೇ ಬಿಜಿಎಂಐ ಆಡ್ತಾರೆ. ಶುರು ಮಾಡುವಾಗ ಗೋಡೆ ಕೊರೆಯಬಾರದು ಅಂತ ಕಟ್ಟಡದ ಮಾಲೀಕರು ಹೇಳಿದ್ದರು. ಹಾಗಾಗಿ ಎಲ್ಲವನ್ನೂ ವೈ-ಫೈ ಮೇಲೆ ಬಿಟ್ಟೆ.

ವಾರದ ದಿನಗಳಲ್ಲಿ ಏನೂ ತೊಂದರೆ ಇರಲಿಲ್ಲ. ಶನಿವಾರ ಸಂಜೆ ಏಳು ದಾಟಿದ ಮೇಲೆ ಶುರುವಾಗುತ್ತಿತ್ತು. "ಅಣ್ಣಾ, ಪಿಂಗ್ 200 ಹೋಯ್ತು", "ಅಣ್ಣಾ, ನಾನು ಹೊಡೆದಿದ್ದು ತಗುಲ್ತಾನೇ ಇಲ್ಲ". ಪಿಂಗ್ ಅಂದರೆ ಒಂದು ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು, ಮಿಲಿಸೆಕೆಂಡ್ ಲೆಕ್ಕದಲ್ಲಿ. ಅದು ಏರಿದರೆ ಆಟ ತಡವರಿಸುತ್ತೆ, ಅದೇ ಲ್ಯಾಗ್. ವಾಲೊರಂಟ್ ಅನ್ನುವ ಶೂಟಿಂಗ್ ಆಟದಲ್ಲಿ, ಸೋತರೆ ದರ್ಜೆ ಇಳಿಯುವ ರ‍್ಯಾಂಕ್ಡ್ ಆಡುತ್ತಿರುವ ಹುಡುಗನಿಗೆ ಒಂದು ರೌಂಡ್ ಹೀಗೆ ಹೋದರೆ ಎಷ್ಟು ಬೇಜಾರಾಗುತ್ತೆ ಅಂತ ನನಗೆ ಗೊತ್ತು. ಅವನು ಗಂಟೆಗೆ ದುಡ್ಡು ಕೊಟ್ಟು ಕೂತಿರುತ್ತಾನೆ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಇಂಟರ್ನೆಟ್ ಕಂಪನಿಯವರಿಗೆ ಫೋನ್ ಮಾಡಿ ಜಗಳ ಆಡಿದೆ. 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸಿದೆ. ಒಂದು ಚೂರೂ ವ್ಯತ್ಯಾಸ ಆಗಲಿಲ್ಲ. ಆಟಕ್ಕೆ ಬೇಕಾದ ಡೇಟಾ ಬಹಳ ಕಡಿಮೆ, ಸೆಕೆಂಡಿಗೆ ಕೆಲವು ಹತ್ತು ಕಿಲೋಬೈಟ್ ಅಷ್ಟೇ. ಅದಕ್ಕೆ ಅಗಲವಾದ ಪೈಪ್ ಬೇಕಿಲ್ಲ. ಪ್ರತಿ ಸಣ್ಣ ಪ್ಯಾಕೆಟ್ಟೂ (ಡೇಟಾದ ತುಣುಕು) ಹೊತ್ತಿಗೆ ಸರಿಯಾಗಿ ಹೋಗಿ ಬರಬೇಕು.

ಆಮೇಲೆ ಒಂದು ಶನಿವಾರ ಕೂತು ಅಳೆದೆ. ಒಂದು ಪಿಸಿಯಲ್ಲಿ ಎರಡು ಕಪ್ಪು ಕಿಟಕಿ (ಕಮಾಂಡ್ ಪ್ರಾಂಪ್ಟ್) ತೆರೆದೆ. ಒಂದರಲ್ಲಿ ನಮ್ಮದೇ ರೂಟರ್‌ಗೆ, ಅಂದರೆ 192.168.1.1ಕ್ಕೆ, ನಿಲ್ಲದೆ ಪಿಂಗ್. ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ, ಅಂದರೆ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್‌ಗೆ. ಬೆಳಿಗ್ಗೆ ರೂಟರ್‌ಗೆ 2-3 ಮಿಲಿಸೆಕೆಂಡ್ ಬರುತ್ತಿತ್ತು. ಸಂಜೆ ಎಂಟಕ್ಕೆ ಅದೇ ರೂಟರ್‌ಗೆ 40, 90, 150. ನಡುವೆ ಒಂದೊಂದು ಉತ್ತರ ಬರಲೇ ಇಲ್ಲ. ರೂಟರ್ ಇರುವುದು ಇಪ್ಪತ್ತು ಅಡಿ ದೂರದಲ್ಲಿ! ತೊಂದರೆ ಇದ್ದದ್ದು ನಮ್ಮ ರೂಮಿನ ಒಳಗೆ. ಇಷ್ಟು ದಿನ ಹೊರಗಿನವರನ್ನು ಬೈದಿದ್ದೆ. ಆವತ್ತೇ ಒಂದು ನೋಟ್‌ಬುಕ್ ಇಟ್ಟೆ. ಏನು ಬದಲಾಯಿಸಿದರೂ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಬರೆದೆ. ಸರಾಸರಿಗಿಂತ ಅತಿ ಹೆಚ್ಚು ಬಂದ ಅಂಕಿ ಮುಖ್ಯ. ಪಿಂಗ್ ಒಂದೇ ಸಮನೆ 40 ಇದ್ದರೆ ಹುಡುಗರು ಹೊಂದಿಕೊಂಡು ಆಡ್ತಾರೆ. 15ರಿಂದ 120ಕ್ಕೆ ಹಾರಿ ಮತ್ತೆ ಇಳಿದರೆ ಯಾರಿಗೂ ಆಡಲು ಆಗಲ್ಲ.

ವೈ-ಫೈ ಹೀಗೇಕೆ ಮಾಡುತ್ತೆ ಅಂತ ಅರ್ಥ ಮಾಡಿಕೊಳ್ಳಲು ನನಗೆ ಬೀದಿ ನಲ್ಲಿ ನೆನಪಿಗೆ ಬಂತು. ನಲ್ಲಿ ಒಂದೇ, ಕೊಡ ಹಿಡಿದವರು ಇಪ್ಪತ್ತು ಜನ. ಒಂದು ಚಾನೆಲ್‌ನಲ್ಲಿ, ಅಂದರೆ ವೈ-ಫೈ ಬಳಸುವ ಒಂದು ರೇಡಿಯೋ ದಾರಿಯಲ್ಲಿ, ಒಂದು ಹೊತ್ತಿಗೆ ಒಂದು ಸಾಧನ ಮಾತ್ರ ಮಾತಾಡಬಹುದು. ಉಳಿದವು ಕೇಳಿಸಿಕೊಂಡು, ಗಾಳಿ ಖಾಲಿ ಆದ ಮೇಲೆ ಸರದಿ ಹಿಡಿಯಬೇಕು. ಇಬ್ಬರು ಒಟ್ಟಿಗೆ ಕೈ ಹಾಕಿದರೆ ಇಬ್ಬರದೂ ಕೆಟ್ಟು, ಮತ್ತೆ ಕಾಯಬೇಕು. ಈ ಸಾಲಿನಲ್ಲಿ ಒಬ್ಬರು ಲೋಟದಿಂದ ಕೊಡ ತುಂಬಿಸಿಕೊಳ್ಳುತ್ತಾ ನಿಂತರೆ ಏನಾಗುತ್ತೆ? ಸಿಗ್ನಲ್ ಕಡಿಮೆ ಇರುವ ಹಳೆಯ ಸಾಧನ ಮಾಡುವುದು ಅದನ್ನೇ. ನಿಧಾನದ ರೇಟ್‌ನಲ್ಲಿ ಕಳಿಸುತ್ತೆ, ಗಾಳಿಯನ್ನು ಜಾಸ್ತಿ ಹೊತ್ತು ಹಿಡಿದುಕೊಳ್ಳುತ್ತೆ, ಉಳಿದವರೆಲ್ಲ ಕಾಯ್ತಾರೆ. ಪಕ್ಕದ ಅಂಗಡಿಯ ರೂಟರ್ ಅದೇ ಚಾನೆಲ್‌ನಲ್ಲಿದ್ದರೆ ಅವರ ಕೊಡಗಳೂ ನಮ್ಮ ಸಾಲಿಗೇ ಬರುತ್ತವೆ. ಇದು ತಲೆಗೆ ಹೋದ ಮೇಲೆ ಮಾಡಬೇಕಾದ ಕೆಲಸ ಸ್ಪಷ್ಟವಾಯಿತು. ಸಾಲಿನಲ್ಲಿ ಇರಬೇಕಾಗಿಲ್ಲದವರನ್ನೆಲ್ಲ ಹೊರಗೆ ಕಳಿಸುವುದು.

ಮೊದಲು ಸಿಕ್ಕಿದ್ದು ಕ್ಯಾಮೆರಾಗಳು. ಮೂರು ವೈ-ಫೈ ಸಿಸಿ ಕ್ಯಾಮೆರಾ ಹಗಲೂ ರಾತ್ರಿ ವಿಡಿಯೋವನ್ನು ಕ್ಲೌಡ್‌ಗೆ ಏರಿಸುತ್ತಿದ್ದವು, ಅದೂ 2.4 ಗಿಗಾಹರ್ಟ್ಸ್ ಅನ್ನುವ ರೇಡಿಯೋ ಪಟ್ಟಿಯಲ್ಲಿ. ನಮ್ಮ ವೈ-ಫೈಗೆ ಇರುವ ಇನ್ನೊಂದು ಪಟ್ಟಿ 5 ಗಿಗಾಹರ್ಟ್ಸ್. ನಮ್ಮ ಪಿಸಿಗಳೂ ಅಲ್ಲೇ ಇದ್ದವು. ವೈ-ಫೈ ಹಿಡಿಯಲು ನಾನು ಹಾಕಿದ್ದ ಚಿಕ್ಕ ಯುಎಸ್‌ಬಿ ಡಾಂಗಲ್‌ಗಳಿಗೆ 5 ಗಿಗಾಹರ್ಟ್ಸ್ ಬರುತ್ತಲೇ ಇರಲಿಲ್ಲ. ಪಿಎಸ್4ನ ಮೊದಲ ಮಾಡೆಲ್‌ಗೂ 2.4 ಮಾತ್ರ. ಅದರ ಕಂಟ್ರೋಲರ್‌ಗಳ ಬ್ಲೂಟೂತ್, ವೈರ್‌ಲೆಸ್ ಮೌಸ್‌ಗಳು, ಎಲ್ಲವೂ ಅದೇ ಪಟ್ಟಿಯಲ್ಲಿ. ಇನ್ನೊಂದು ವಿಷಯ ಆಗ ತಿಳಿಯಿತು. ಯುಎಸ್‌ಬಿ 3 ಪೋರ್ಟ್‌ಗಳೇ 2.4ರಲ್ಲಿ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿ ಇದನ್ನು 2012ರಲ್ಲೇ ಅಳೆದು ಬರೆದಿದೆ. ನನ್ನ ಡಾಂಗಲ್‌ಗಳು ಸಿಪಿಯು ಹಿಂದೆ, ಕಬ್ಬಿಣದ ಡಬ್ಬಿಗೆ ಅಂಟಿಕೊಂಡು, ಅಂಥ ಪೋರ್ಟ್‌ನ ಪಕ್ಕದಲ್ಲೇ ಇದ್ದವು. ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲ್ ಅನ್ನು ಟೇಬಲ್ ಮೇಲೆ ತಂದಿಟ್ಟೆ. ಆ ಪಿಸಿಯಲ್ಲಿ ಉತ್ತರ ಬರದೇ ಹೋಗುವುದು ಅರ್ಧಕ್ಕರ್ಧ ಕಡಿಮೆಯಾಯಿತು.

ಆದರೆ ನಿಜವಾದ ಪರಿಹಾರ ಕೇಬಲ್. ವೈ-ಫೈ ಬಗ್ಗೆ ಬರೆಯುತ್ತಾ ಇದನ್ನು ಹೇಳಲೇಬೇಕು. ಮಾಲೀಕರನ್ನು ಕರೆದು ಕೂರಿಸಿ ತೋರಿಸಿದೆ. "ಗೋಡೆ ಕೊರೆಯಲ್ಲ ಸಾರ್, ಕೆಳಗೆ ಅಂಚಿನಲ್ಲಿ ಕೇಸಿಂಗ್ ಪಟ್ಟಿ ಅಂಟಿಸ್ತೀನಿ ಅಷ್ಟೇ" ಅಂದೆ. ಒಪ್ಪಿದರು. ದೊಡ್ಡ ಹಾಲಿನ 10 ಪಿಸಿ, 3 ಪಿಎಸ್4, ಎಲ್ಲಕ್ಕೂ ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆದೆ. ಕ್ಯಾಮೆರಾಗಳನ್ನೂ ಕೇಬಲ್ ಬರುವ ಮಾಡೆಲ್‌ಗೆ ಬದಲಾಯಿಸಿದೆ.

ಇಲ್ಲಿ ಒಂದು ಎಚ್ಚರಿಕೆ. ಮೊದಲು ತಂದ ಕೇಬಲ್ ರೋಲ್ ಅಗ್ಗವಾಗಿತ್ತು. ಹಾಕಿದ ಮೇಲೆ ನೋಡಿದರೆ ಕೆಲವು ಪಿಸಿ ಗಿಗಾಬಿಟ್‌ಗೆ (1000 ಎಂಬಿಪಿಎಸ್) ಏರದೆ 100ರಲ್ಲೇ ನಿಂತವು. ತಂತಿಯನ್ನು ಬ್ಲೇಡ್‌ನಿಂದ ಕೆರೆದೆ, ಒಳಗೆ ಬೆಳ್ಳಗಿತ್ತು. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ಪೂರ್ತಿ ತಾಮ್ರದ್ದೇ ಕೇಳಿ, ಅಂಗಡಿಯಲ್ಲೇ ಕೆರೆದು ನೋಡಿ ತಗೊಳ್ಳಿ.

ಕೇಬಲ್ ಬಂದ ಪಿಸಿಗಳಲ್ಲಿ ರೂಟರ್ ಪಿಂಗ್ 1 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿದು ಅಲ್ಲೇ ನಿಂತಿತು. ಅಷ್ಟು ಜನ ಸಾಲಿನಿಂದ ಹೊರಗೆ ಹೋದದ್ದರಿಂದ ವೈ-ಫೈ ಮೇಲೆ ಉಳಿದವರಿಗೂ ಉಸಿರಾಡಲು ಜಾಗ ಸಿಕ್ಕಿತು. ಉಳಿದದ್ದು ಒಳಗಿನ ರೂಮಿನ 4 ಪಿಸಿ ಮತ್ತು ಹುಡುಗರ ಮೊಬೈಲ್‌ಗಳು. ಆ ರೂಮಿನ ಗೋಡೆ ಕಲ್ಲಿನದು, ಬಾಗಿಲಿನ ಕೆಳಗೆ ಒಂದೇ ಒಂದು ಕೇಬಲ್ ತೂರಿಸಬಹುದಿತ್ತು. ಆ ಒಂದು ಕೇಬಲ್ ತುದಿಗೆ ಛಾವಣಿಯಲ್ಲಿ ಒಂದು ವೈ-ಫೈ 6 ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲ್‌ನಲ್ಲಿ ಬಂದದ್ದನ್ನು ವೈ-ಫೈ ಆಗಿ ಹರಡುವ ಡಬ್ಬಿ, ಹಾಕಿದೆ. ಮೊದಲು ಅಲ್ಲಿ ಎಕ್ಸ್‌ಟೆಂಡರ್ ಇತ್ತು, ಅದನ್ನು ಕಿತ್ತುಹಾಕಿದೆ. ಎಕ್ಸ್‌ಟೆಂಡರ್ ಪ್ರತಿ ಪ್ಯಾಕೆಟ್ಟನ್ನೂ ಕೇಳಿಸಿಕೊಂಡು ಮತ್ತೆ ಅದೇ ಗಾಳಿಯಲ್ಲಿ ಹೇಳುತ್ತೆ. ಒಂದು ಕೊಡಕ್ಕೆ ಎರಡು ಸರದಿ. ಸಿನಿಮಾ ನೋಡಲು ಪರವಾಗಿಲ್ಲ, ಆಟಕ್ಕೆ ಬೇಡ. 4 ಪಿಸಿಗಳಿಗೆ 5 ಗಿಗಾಹರ್ಟ್ಸ್ ಇರುವ, ಆಂಟೆನಾ ಹೊರಗೆ ಇಡಬಹುದಾದ ಕಾರ್ಡ್ ಹಾಕಿಸಿದೆ.

ಮೊಬೈಲ್‌ನಲ್ಲಿ ವೈ-ಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಸುತ್ತ ನೋಡಿದೆ. 2.4ರಲ್ಲಿ ಹತ್ತೊಂಬತ್ತು ನೆಟ್‌ವರ್ಕ್. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ 1, 6, 11 ಮೂರೇ. ಆಟಕ್ಕೆ 2.4 ಬಳಸುವುದನ್ನೇ ಪೂರ್ತಿ ನಿಲ್ಲಿಸಿದೆ. 5ರಲ್ಲಿ ಜಾಗ ಧಾರಾಳವಾಗಿದೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ಪಟ್ಟಿಯಲ್ಲಿ 605 ಮೆಗಾಹರ್ಟ್ಸ್ ಅನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಆದರೆ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರಾಡಾರ್ ಜೊತೆ ಹಂಚಿಕೊಳ್ಳಬೇಕು. ರಾಡಾರ್ ಸದ್ದು ಕೇಳಿಸಿತು ಅಂತ ಅನಿಸಿದ ಕೂಡಲೇ ಆಕ್ಸೆಸ್ ಪಾಯಿಂಟ್ ಚಾನೆಲ್ ಬಿಟ್ಟು ಓಡಬೇಕು, ಹೊಸ ಚಾನೆಲ್ಲೂ ಅಂಥದ್ದೇ ಆದರೆ ಒಂದು ನಿಮಿಷ ಸುಮ್ನೆ ಕೇಳುತ್ತಾ ಕೂರಬೇಕು. ಚಾನೆಲ್ 100ರಲ್ಲಿ ಒಂದು ವಾರ ಇಟ್ಟು ನೋಡಿದೆ. ಒಂದು ಮ್ಯಾಚ್ ನಡುವೆ ಎಲ್ಲರೂ ಒಟ್ಟಿಗೆ ಡಿಸ್ಕನೆಕ್ಟ್ ಆದರು. ಈಗ ಹೊರಗಿನ ರೂಟರ್ 36ರಲ್ಲಿ, ಒಳಗಿನದು 149ರಲ್ಲಿ. ಆಟೋ ಚಾನೆಲ್ ಆಫ್.

ಚಾನೆಲ್ ಅಗಲ 80 ಮೆಗಾಹರ್ಟ್ಸ್‌ನಿಂದ 40ಕ್ಕೆ ಇಳಿಸಿದೆ. ಸ್ಪೀಡ್ ಟೆಸ್ಟ್‌ನಲ್ಲಿ ಅಂಕಿ ಕಡಿಮೆಯಾಗುತ್ತೆ, ಆಟಕ್ಕೆ ಒಳ್ಳೆಯದಾಗುತ್ತೆ. ಅಗಲ ಜಾಸ್ತಿ ಆದಷ್ಟೂ ಅಕ್ಕಪಕ್ಕದವರ ಸದ್ದು ಜಾಸ್ತಿ ಸಿಕ್ಕಿಹಾಕಿಕೊಳ್ಳುತ್ತೆ. ಮೊದಲು ಐದು ವೈ-ಫೈ ಹೆಸರು ಇಟ್ಟಿದ್ದೆ, ಎರಡೇ ಉಳಿಸಿದೆ. ಪ್ರತಿ ಹೆಸರೂ "ನಾನಿದ್ದೀನಿ" ಅಂತ ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗುತ್ತೆ, ಅದೂ ಅತಿ ನಿಧಾನದ ರೇಟ್‌ನಲ್ಲಿ. ಕನಿಷ್ಠ ರೇಟ್ ಅನ್ನು 12 ಎಂಬಿಪಿಎಸ್‌ಗೆ ಏರಿಸಿದೆ. ಲೋಟದವರಿಗೆ ಸಾಲಿನಲ್ಲಿ ಜಾಗ ಇಲ್ಲ ಅಂದ ಹಾಗೆ. ಬಿಲ್ ಪ್ರಿಂಟರ್ ಕನೆಕ್ಟ್ ಆಗುವುದನ್ನು ನಿಲ್ಲಿಸಿತು, ಅದಕ್ಕೆ ಯುಎಸ್‌ಬಿ ಕೇಬಲ್ ಹಾಕಿದೆ.

ಇಷ್ಟಾದ ಮೇಲೂ ನೋಟ್‌ಬುಕ್‌ನಲ್ಲಿ ಒಂದು ವಿಚಿತ್ರ ಕಂಡಿತು. ಒಳಗಿನ ಪಿಸಿಗಳಲ್ಲಿ ಹೆಚ್ಚುಕಡಿಮೆ ನಿಮಿಷಕ್ಕೊಂದು ಸಲ, ಗಡಿಯಾರ ಇಟ್ಟ ಹಾಗೆ, ಪಿಂಗ್ ಒಮ್ಮೆ ಹಾರುತ್ತಿತ್ತು. ವಿಂಡೋಸ್ ಹಿಂದೆ ಕೂತು ಬೇರೆ ನೆಟ್‌ವರ್ಕ್ ಹುಡುಕುತ್ತಿತ್ತು. ಆ ಹೊತ್ತಿಗೆ ಕಾರ್ಡ್ ನಮ್ಮ ಚಾನೆಲ್ ಬಿಟ್ಟು ಹೋಗಿ ಬರುತ್ತೆ. ನೆಟ್‌ಶ್ ಕಮಾಂಡ್‌ನಿಂದ ಆ ಕಾರ್ಡ್‌ನ ಆಟೋಕಾನ್ಫಿಗ್ (ನೆಟ್‌ವರ್ಕ್ ತಾನಾಗೇ ಹುಡುಕಿ ಸೇರುವ ಸೆಟ್ಟಿಂಗ್) ಆಫ್ ಮಾಡಿದೆ, ಹಾರುವುದು ನಿಂತಿತು. ಆದರೆ ವೈ-ಫೈ ಒಮ್ಮೆ ಕಟ್ ಆದರೆ ಅದನ್ನು ಮತ್ತೆ ಆನ್ ಮಾಡುವವರೆಗೂ ತಾನಾಗೇ ಸೇರಿಕೊಳ್ಳಲ್ಲ. ಆನ್, ಆಫ್ ಎರಡಕ್ಕೂ ಡೆಸ್ಕ್‌ಟಾಪ್ ಮೇಲೆ ಒಂದೊಂದು ಫೈಲ್ ಇಟ್ಟಿದ್ದೀನಿ. ಮೊಬೈಲ್ ಹುಡುಗರಿಗೆ ಲೊಕೇಶನ್ ಸೆಟ್ಟಿಂಗ್‌ನಲ್ಲಿರುವ ವೈ-ಫೈ ಸ್ಕ್ಯಾನಿಂಗ್ ಮತ್ತು ಬ್ಯಾಟರಿ ಸೇವರ್ ಆಫ್ ಮಾಡಲು ಗೋಡೆ ಮೇಲೆ ಬರೆದು ಅಂಟಿಸಿದ್ದೀನಿ.

ಕೊನೆಗೆ ಉಳಿದದ್ದು ಹೊರಗಿನ ಪಿಂಗ್. ರೂಟರ್‌ಗೆ ಎಲ್ಲ ಚೆನ್ನಾಗಿದೆ, ಆದರೆ ಯಾರಾದರೂ ಗೇಮ್ ಅಪ್‌ಡೇಟ್ ಹಾಕಿದ ಕೂಡಲೇ ಎಲ್ಲರಿಗೂ 150. ಇದು ವೈ-ಫೈ ತಪ್ಪಲ್ಲ. ಲೈನ್ ತುಂಬಿದಾಗ ಪ್ಯಾಕೆಟ್‌ಗಳು ದೊಡ್ಡ ಬಫರ್‌ನಲ್ಲಿ (ಪ್ಯಾಕೆಟ್ ಕಾಯುವ ಜಾಗ) ಸಾಲುಗಟ್ಟುತ್ತವೆ, ಆಟದ ಸಣ್ಣ ಪ್ಯಾಕೆಟ್ ಡೌನ್‌ಲೋಡ್ ಹಿಂದೆ ಸಿಕ್ಕಿಕೊಳ್ಳುತ್ತೆ. ಇದಕ್ಕೆ ಓಪನ್‌ವರ್ಟ್ ಅನ್ನುವ ರೂಟರ್ ಸಾಫ್ಟ್‌ವೇರ್‌ನಲ್ಲಿ ಕೇಕ್ ಅನ್ನುವ ವ್ಯವಸ್ಥೆ ಇದೆ, 2018ರಿಂದ ಅದರ ತಳದಲ್ಲಿರುವ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಅದು ಪ್ರತಿಯೊಬ್ಬರ ಸಾಲನ್ನೂ ಬೇರೆ ಮಾಡಿ ಸರದಿಯಲ್ಲಿ ಬಿಡುತ್ತೆ. ಲೈನ್ ವೇಗದ ಶೇಕಡ 90ಕ್ಕೆ, ಅಂದರೆ 270ಕ್ಕೆ ಮಿತಿ ಹಾಕಿದೆ. ಸಾಲು ಕಂಪನಿಯವರ ಡಬ್ಬಿಯಲ್ಲಿ ಬೆಳೆಯದೆ ನಮ್ಮ ಕೈಯಲ್ಲೇ ಇರಬೇಕಲ್ವಾ, ಅದಕ್ಕೆ. ಅಪ್‌ಲೋಡ್‌ಗೂ ಹಾಗೇ ಹಾಕಬೇಕು, ಬಹಳ ಜನ ಅದನ್ನು ಮರೀತಾರೆ. ಹಳೆಯ ರೂಟರ್‌ಗೆ ಇಷ್ಟು ಲೆಕ್ಕ ಮಾಡುವ ಶಕ್ತಿ ಇರಲಿಲ್ಲ, ಎರಡು ಲ್ಯಾನ್ ಪೋರ್ಟ್ ಇರುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಂದು ಅದನ್ನೇ ರೂಟರ್ ಮಾಡಿದೆ. ನಾನು ಖರ್ಚು ಮಾಡಿದ್ದರಲ್ಲಿ ಕೇಬಲ್ ಬಿಟ್ಟರೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಸ್ಟೀಮ್ (ಪಿಸಿ ಆಟಗಳ ಆನ್‌ಲೈನ್ ಅಂಗಡಿ) ಅಪ್‌ಡೇಟ್‌ಗಳನ್ನು ಈಗ ರಾತ್ರಿ ಒಂದೇ ಪಿಸಿಗೆ ಇಳಿಸಿ, ಉಳಿದವಕ್ಕೆ ಲೋಕಲ್ ನೆಟ್‌ವರ್ಕ್‌ನಲ್ಲೇ ಹಂಚುತ್ತೀನಿ. 2023ರಿಂದ ಸ್ಟೀಮ್‌ನಲ್ಲೇ ಆ ಸೌಲಭ್ಯ ಇದೆ.

ಒಂದನ್ನು ಮಾತ್ರ ಯಾವ ರೂಟರ್ರೂ ಇಳಿಸಲ್ಲ, ದೂರ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ. ಸಾವಿರ ಕಿಲೋಮೀಟರ್ ಕೇಬಲ್ ದಾರಿ ಇದ್ದರೆ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ನಮ್ಮಲ್ಲಿ ಮುಂಬೈ ಸರ್ವರ್‌ಗೆ 25-30 ಬರುತ್ತೆ. ಯಾರಾದರೂ 80 ಅಂತ ಬಂದರೆ ಮೊದಲು ಆಟದ ಸೆಟ್ಟಿಂಗ್‌ನಲ್ಲಿ ಸಿಂಗಪುರ ಆಯ್ಕೆ ಆಗಿದೆಯಾ ಅಂತ ನೋಡ್ತೀನಿ. ಬಹಳ ಸಲ ಅದೇ ಆಗಿರುತ್ತೆ.

ಈಗ ಶನಿವಾರ ಎಂಟು ಗಂಟೆಗೆ ಒಳಗಿನ ರೂಮಿನ ಪಿಸಿಗಳಿಂದ ರೂಟರ್‌ಗೆ 3ರಿಂದ 6 ಬರುತ್ತೆ, ಅಪರೂಪಕ್ಕೆ 12. ಅದರಲ್ಲಿ ಕಂಬದ ಹಿಂದಿನ ಒಂದು ಸೀಟ್ ಮಾತ್ರ ಇನ್ನೂ 20ರವರೆಗೆ ಏರುತ್ತೆ. ಅಲ್ಲಿ ರ‍್ಯಾಂಕ್ಡ್ ಆಡುವವರನ್ನು ಕೂರಿಸಲ್ಲ, ಒಬ್ಬರೇ ಆಡುವ ಸ್ಟೋರಿ ಗೇಮ್‌ನವರಿಗೆ ಕೊಡ್ತೀನಿ. ಆ ರೂಮಿನ ಎಸಿ ಪೈಪ್ ಹೋಗುವ ತೂತಿನಲ್ಲಿ ಇನ್ನೂ ನಾಲ್ಕು ಕೇಬಲ್ ಹಿಡಿಯುತ್ತೆ ಅಂತ ಮೊನ್ನೆ ಅಳೆದು ನೋಡಿದ್ದೀನಿ. ಮಾಲೀಕರೂ ಹೂಂ ಅಂದಿದ್ದಾರೆ.