ಮಗಳ ಊರಿನ ‘ಬರೋ’ ಚುನಾವಣೆಯ ಫಲಿತಾಂಶವನ್ನು ಓದುವ ಬಗೆ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಶೇಕಡಾವಾರು ಲೆಕ್ಕವನ್ನು ಎಷ್ಟು ಮಕ್ಕಳ ತಲೆಗೆ ತುಂಬಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಹಾಗಿದ್ದೂ ಇಂಗ್ಲೆಂಡಿನಿಂದ ಮಗಳು ಕಳಿಸಿದ, ಅವಳ ಊರಿನ ‘ಬರೋ’ (borough, ನಮ್ಮ ನಗರಸಭೆಯಂಥ ಸ್ಥಳೀಯ ಸಂಸ್ಥೆ) ಚುನಾವಣೆಯ ಒಂದೇ ಪುಟದ ಫಲಿತಾಂಶವನ್ನು ನೋಡಿ, ಅವಳ ವಾರ್ಡಿನಲ್ಲಿ ಶೇ 100ಕ್ಕಿಂತ ಹೆಚ್ಚು ಮತದಾನವಾಗಿದೆ, ಏನೋ ಮೋಸ ನಡೆದಿದೆ ಎಂದು ಫೋನ್ ಮಾಡಿ ಹೇಳಿದೆ. ಅತ್ತ ಕಡೆಯಿಂದ ಅಳಿಯಂದಿರು ನಕ್ಕ ಸದ್ದು ಸ್ಪಷ್ಟವಾಗಿ ಕೇಳಿಸಿತು. ವಿಜಯಪುರದ ನಮ್ಮ ಜಲನಗರದ ಓಣಿಯೊಂದರಲ್ಲೇ ನಾಲ್ಕು ಮನೆಯ ಮಕ್ಕಳು ಆ ದೇಶದಲ್ಲಿದ್ದಾರೆ. ಆ ನಾಲ್ಕು ಮನೆಯವರಾದರೂ ನನ್ನಂತೆ ನಗೆಪಾಟಲಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಮಯದ ವಿಷಯ. ಅಲ್ಲಿ ಸ್ಥಳೀಯ ಚುನಾವಣೆ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಗುರುವಾರ ನಡೆಯುತ್ತದೆ. ಮತದಾನ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ. ಅವರ ರಾತ್ರಿ ಹತ್ತು ಗಂಟೆ ಎಂದರೆ ನಮಗೆ ನಸುಕಿನ ಎರಡೂವರೆ. ಕೆಲವು ಬರೋಗಳು ರಾತ್ರಿಯೇ ಎಣಿಸುತ್ತವೆ, ಕೆಲವು ಶುಕ್ರವಾರ ಹಗಲಲ್ಲಿ. ಎದ್ದು ಕುಳಿತು ಕಾಯಬೇಡಿ. ಶುಕ್ರವಾರ ಬಿಸಿಲು ಏರುವ ಮೊದಲು ರೊಟ್ಟಿ ಬಡಿದು ಮುಗಿಸಿ, ಆಮೇಲೆ ಮೊಬೈಲ್ ಕೈಗೆತ್ತಿಕೊಳ್ಳಿ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ನನ್ನ ಮಗಳಿಗೆ ಅಲ್ಲಿ ಮತ ಹೇಗೆ ಎಂದು ಪಕ್ಕದ ಮನೆಯ ಕಾಕಾ ಕೇಳಿದ್ದರು. ಕಾನೂನುಬದ್ಧವಾಗಿ ಅಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ನಾಗರಿಕರು ಹೆಸರು ನೋಂದಾಯಿಸಿಕೊಂಡರೆ ಮತ ಹಾಕಬಹುದು. 2023ರ ಮೇ ತಿಂಗಳಿನಿಂದ ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತಿನ ದಾಖಲೆ ತೋರಿಸಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಬೆರಳಿಗೆ ನಮ್ಮ ಮೈಸೂರಿನ ಶಾಯಿ ಇಲ್ಲ, ಯಂತ್ರವಿಲ್ಲ, ನೋಟಾ ಇಲ್ಲ. ಕಾಗದ, ಅದರ ಮೇಲೆ ಪೆನ್ಸಿಲ್‌ನಿಂದ ಒಂದು ಗುಣಾಕಾರದ ಗುರುತು. ಪೆನ್ಸಿಲ್ ಎಂದು ಕೇಳಿ ಕಾಕಾ ಅರ್ಧ ಗಂಟೆ ವಾದ ಮಾಡಿದರು. ಬೇಕಿದ್ದವರು ತಮ್ಮದೇ ಪೆನ್ನು ಒಯ್ಯಬಹುದು ಎಂದ ಮೇಲೆ ಸುಮ್ಮನಾದರು.

ಈಗ ಆ ಪುಟಕ್ಕೆ ಬರೋಣ. ವಾರ್ಡಿಗೊಂದು ಪುಟ. ಮೇಲೆ ಬರೋದ ಹೆಸರು, ವಾರ್ಡಿನ ಹೆಸರು, ಕೆಳಗೆ ಚುನಾವಣಾಧಿಕಾರಿಯ ಹೆಸರು. ನಡುವೆ ಅಭ್ಯರ್ಥಿ, ಪಕ್ಷ, ಪಡೆದ ಮತ. ಮೊದಲ ಸಾಲಿನಲ್ಲಿರುವವರೇ ಗೆದ್ದವರು ಎಂದುಕೊಳ್ಳಬೇಡಿ. ನಮ್ಮ ಶಾಲೆಯ ಹಾಜರಿ ಪುಸ್ತಕದಂತೆ ಅದು ಅಡ್ಡಹೆಸರಿನ ಅಕ್ಷರಾನುಕ್ರಮ. ಗೆದ್ದವರ ಸಾಲಿನಲ್ಲಿ ಮಾತ್ರ ‘ಎಲೆಕ್ಟೆಡ್’ ಎಂದಿರುತ್ತದೆ. ಮತಪತ್ರದಲ್ಲಿಯೂ ಇದೇ ಕ್ರಮ. ಒಂದೇ ಪಕ್ಷದ ಮೂವರು ನಿಂತಾಗ ‘ಎ’ ಅಥವಾ ‘ಬಿ’ ಅಕ್ಷರದವರಿಗೆ ನಾಲ್ಕು ಮತ ಹೆಚ್ಚು, ‘ಡಬ್ಲ್ಯೂ’ದವರಿಗೆ ನಾಲ್ಕು ಕಡಿಮೆ ಬೀಳುವುದನ್ನು ಅಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ. ಹಾಜರಿಯಲ್ಲಿ ಕೊನೆಯಲ್ಲಿ ಕೂಗಿಸಿಕೊಳ್ಳುವ ಮಕ್ಕಳ ಸಂಕಟ ನನಗೆ ಗೊತ್ತು.

ನಾನು ಎಡವಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಪುಟದ ಮೇಲ್ಭಾಗದಲ್ಲಿ ಎಷ್ಟು ಸ್ಥಾನ ಎಂದು ಬರೆದಿರುತ್ತದೆ. ಒಂದು, ಎರಡು ಅಥವಾ ಮೂರು. ಎಷ್ಟು ಸ್ಥಾನವೋ ಒಬ್ಬೊಬ್ಬರಿಗೂ ಅಷ್ಟು ಮತ. ನಮ್ಮ ಗ್ರಾಮ ಪಂಚಾಯಿತಿಯ ಹಾಗೆಯೇ. 2020ರ ಡಿಸೆಂಬರ್‌ನಲ್ಲಿ ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಚುನಾವಣಾ ಕರ್ತವ್ಯ ಮಾಡಿದ್ದೆ. ಮೂರು ಮತ ಒತ್ತಬೇಕೆಂದು ಅಜ್ಜಿಯರಿಗೆ ತಿಳಿಸಿ ಹೇಳುವಷ್ಟರಲ್ಲಿ ಗಂಟಲು ಒಣಗಿತ್ತು. ಅಂಥವಳೇ ಮರೆತೆನಲ್ಲ ಎಂಬುದು ನನ್ನ ಹೊಟ್ಟೆಯುರಿ. ಒಂದು ವ್ಯತ್ಯಾಸವಿದೆ: ನಮ್ಮಲ್ಲಿ ಸ್ಥಾನಗಳಿಗೆ ಮೀಸಲಾತಿ ಇರುವುದರಿಂದ ಪ್ರವರ್ಗವಾರು ಗೆಲುವು ನೋಡಬೇಕು. ಅಲ್ಲಿ ಮೀಸಲಾತಿ ಇಲ್ಲ, ಹೆಚ್ಚು ಮತ ಪಡೆದ ಮೊದಲ ಮೂವರು ಗೆದ್ದಂತೆ.

ಮಗಳ ವಾರ್ಡಿನ ನಿಜವಾದ ಅಂಕಿಗಳನ್ನು ಬಿಟ್ಟು, ಲೆಕ್ಕಕ್ಕೆ ಸುಲಭವಾದವನ್ನು ನಾನೇ ಇಟ್ಟು ತೋರಿಸುತ್ತೇನೆ. ಮತದಾರರು 6,000. ಪೆಟ್ಟಿಗೆಯಲ್ಲಿ ಸಿಕ್ಕ ಮತಪತ್ರ 2,200. ತಿರಸ್ಕೃತ 20. ಮೂರು ಸ್ಥಾನ. ಕೆಂಪು ಪಕ್ಷದ ಮೂವರಿಗೆ 1,050, 1,010, 890. ನೀಲಿ ಪಕ್ಷದ ಮೂವರಿಗೆ 930, 900, 860. ಹಸಿರು ಪಕ್ಷದಿಂದ ಒಬ್ಬರೇ ನಿಂತಿದ್ದಾರೆ, 400. (ಅಲ್ಲಿ ಕೆಂಪು ಎಂದರೆ ಲೇಬರ್, ನೀಲಿ ಎಂದರೆ ಕನ್ಸರ್ವೇಟಿವ್. ನೀಲಿಗೆ ನಮ್ಮಲ್ಲಿರುವ ಅರ್ಥವೇ ಬೇರೆ, ಅದನ್ನು ಪಕ್ಕಕ್ಕಿಡಿ.)

ಎಲ್ಲ ಮತ ಕೂಡಿಸಿದರೆ 6,040. ನಾನು ಮಾಡಿದ ಘನಕಾರ್ಯವೆಂದರೆ ಅದನ್ನು 6,000ದಿಂದ ಭಾಗಿಸಿದ್ದು. ಮತದಾನ ಎಂದರೆ ಬಂದ ಜನ, ಅಂದರೆ ಮತಪತ್ರಗಳ ಸಂಖ್ಯೆ: 2,200ನ್ನು 6,000ದಿಂದ ಭಾಗಿಸಿದರೆ ಶೇ 36.7. ಅಲ್ಲಿನ ಸ್ಥಳೀಯ ಚುನಾವಣೆಗಳಲ್ಲಿ ಮೂವತ್ತು, ನಲವತ್ತರ ಆಸುಪಾಸಿನ ಅಂಕಿ ಹೊಸದಲ್ಲ. ಸಿಂಧುವಾದ 2,180 ಮತಪತ್ರಗಳಿಂದ ಹೆಚ್ಚೆಂದರೆ 6,540 ಮತ ಬೀಳಬಹುದಿತ್ತು; ಬಿದ್ದದ್ದು 6,040. ಉಳಿದ 500 ಎಲ್ಲಿ? ಒಂದೋ ಎರಡೋ ಗುರುತು ಹಾಕಿ ಸಾಕು ಎಂದವರದ್ದು. ಕಡಿಮೆ ಹಾಕಿದರೆ ಮತಪತ್ರ ಸಿಂಧುವೇ. ಮೂರರ ಬದಲು ನಾಲ್ಕು ಹಾಕಿದರೆ ಇಡೀ ಕಾಗದ ತಿರಸ್ಕೃತ. ತಿರಸ್ಕೃತ ಮತಪತ್ರಗಳನ್ನು ಪುಟದ ಕೆಳಗೆ ಕಾರಣವಾರು ಬರೆದಿರುತ್ತಾರೆ: ಅಧಿಕೃತ ಗುರುತಿಲ್ಲದ್ದು, ಮಿತಿ ಮೀರಿ ಮತ ಹಾಕಿದ್ದು, ಮತದಾರ ಯಾರೆಂದು ಗೊತ್ತಾಗುವಂತೆ ಬರೆದದ್ದು, ಖಾಲಿ ಬಿಟ್ಟದ್ದು ಅಥವಾ ಅರ್ಥವಾಗದ್ದು. ಗುಣಾಕಾರದ ಬದಲು ಸರಿ ಗುರುತು ಹಾಕಿದ್ದರೂ ಮತದಾರನ ಉದ್ದೇಶ ಸ್ಪಷ್ಟವಿದ್ದರೆ ಒಪ್ಪುತ್ತಾರೆ.

ಇಲ್ಲಿ ಗೆದ್ದವರು 1,050, 1,010 ಮತ್ತು 930 ಪಡೆದವರು. ಕೆಂಪಿಗೆ ಎರಡು, ನೀಲಿಗೆ ಒಂದು. ಗೆಲುವಿನ ಅಂತರವನ್ನು ಮೊದಲನೆಯವರಿಗೂ ಎರಡನೆಯವರಿಗೂ ನಡುವೆ ಹುಡುಕಬೇಡಿ, ಅವರಿಬ್ಬರೂ ಗೆದ್ದಾಗಿದೆ. ಮೂರನೆಯವರಿಗೂ ನಾಲ್ಕನೆಯವರಿಗೂ ಇರುವ 30 ಮತವೇ ಆ ವಾರ್ಡಿನ ಜಗಳ. ಸಮಸಮ ಬಂದರೆ ಚುನಾವಣಾಧಿಕಾರಿ ನಮ್ಮಲ್ಲಿಯಂತೆಯೇ ಚೀಟಿ ಎತ್ತುತ್ತಾರೆ.

ಪಕ್ಷದ ಬಲ ಅಳೆಯುವಾಗ ಇನ್ನೊಂದು ಗುಂಡಿ ಇದೆ. ಪಕ್ಷವಾರು ಎಲ್ಲ ಮತ ಕೂಡಿಸಿ 6,040ರಿಂದ ಭಾಗಿಸಿದರೆ ಹಸಿರಿಗೆ ಬರುವುದು ಬರೀ ಶೇ 6.6. ಆದರೆ ಅವರು ನಿಲ್ಲಿಸಿದ್ದೇ ಒಬ್ಬರನ್ನು. ಪ್ರತಿ ಪಕ್ಷದಲ್ಲಿ ಅತಿ ಹೆಚ್ಚು ಮತ ಪಡೆದವರನ್ನಷ್ಟೇ ತೆಗೆದುಕೊಂಡು ನೋಡಿ: 1,050, 930, 400, ಒಟ್ಟು 2,380. ಹಸಿರಿಗೆ ಶೇ 16.8. ಒಂದೇ ಪುಟದಿಂದ ಎರಡು ಬೇರೆ ಬೇರೆ ಕಥೆ ಹೊರಟವು. ಎರಡನೆಯದನ್ನು ನಾನು ನಂಬುತ್ತೇನೆ. ಮೊದಲನೆಯದನ್ನು ಹೇಳುವವರು ಯಾವ ಪಕ್ಷದವರೆಂದು ವಿಚಾರಿಸಿ.

ವಾರ್ಡು ಮುಗಿಯಿತು, ಇಡೀ ಬರೋಕ್ಕೆ ಹೋಗೋಣ. ಕೆಲವು ಬರೋಗಳು ನಾಲ್ಕು ವರ್ಷಕ್ಕೊಮ್ಮೆ ಎಲ್ಲ ಸ್ಥಾನಗಳಿಗೂ ಒಟ್ಟಿಗೆ ಚುನಾವಣೆ ಮಾಡುತ್ತವೆ. ಲಂಡನ್ನಿನ 32 ಬರೋಗಳೂ ಹಾಗೆಯೇ. ಇನ್ನು ಕೆಲವು ವರ್ಷಕ್ಕೆ ಮೂರನೇ ಒಂದು ಭಾಗದಂತೆ ಮೂರು ವರ್ಷ ನಡೆಸಿ ನಾಲ್ಕನೆಯ ವರ್ಷ ಬಿಡುತ್ತವೆ. ಎರಡನೆಯ ಬಗೆಯಲ್ಲಿ ಪತ್ರಿಕೆಯ ತಲೆಬರಹ ನಂಬಿದರೆ ಕೆಟ್ಟಿರಿ. 45 ಸ್ಥಾನದ ಕೌನ್ಸಿಲ್‌ನಲ್ಲಿ ಈ ಸಲ 15ಕ್ಕೆ ಚುನಾವಣೆ, ಒಂದು ಪಕ್ಷ ಒಂಬತ್ತು ಗೆದ್ದಿತು ಎಂದುಕೊಳ್ಳಿ. ಜಯಭೇರಿ! ಆದರೆ ಉಳಿದ 30 ಹಳಬರಲ್ಲಿ ಆ ಪಕ್ಷದವರು 11 ಮಾತ್ರ ಇದ್ದರೆ ಒಟ್ಟು 20. ಬಹುಮತಕ್ಕೆ 23 ಬೇಕು. ವಾರ್ಡುಗಳ ಗಡಿ ಹೊಸದಾಗಿ ಗುರುತಿಸಿದ ವರ್ಷ ಮಾತ್ರ ಈ ಬಗೆಯ ಬರೋಗಳಲ್ಲಿಯೂ ಎಲ್ಲ ಸ್ಥಾನಕ್ಕೂ ಒಟ್ಟಿಗೆ ಚುನಾವಣೆ. ಆಗ ಮೂವರಲ್ಲಿ ಕಡಿಮೆ ಮತದಿಂದ ಗೆದ್ದವರ ಅವಧಿ ಮೊದಲು ಮುಗಿಯುತ್ತದೆ. ಆದ್ದರಿಂದ ಗೆದ್ದವರಲ್ಲಿ ಯಾರು ಎಷ್ಟನೆಯವರು ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಪಟ್ಟಿಯಲ್ಲಿ ‘ಹೋಲ್ಡ್’ ಎಂದಿದ್ದರೆ ಇದ್ದ ಪಕ್ಷವೇ ಉಳಿಸಿಕೊಂಡಿತು, ‘ಗೇನ್’ ಎಂದರೆ ಬೇರೆಯವರಿಂದ ಕಿತ್ತುಕೊಂಡಿತು. ‘ಎನ್‌ಒಸಿ’ ಎಂದು ಕಂಡಾಗ ನಮ್ಮ ಮನೆಯವರು, ಯಾವ ಕಚೇರಿಯದು, ಎಷ್ಟು ದಿನ ಅಲೆದಾಡಿಸಿದರು ಎಂದು ಕೇಳಿದರು. ನಿರಾಕ್ಷೇಪಣಾ ಪತ್ರವಲ್ಲ ಅದು, ‘ನೋ ಓವರಾಲ್ ಕಂಟ್ರೋಲ್’, ಯಾರಿಗೂ ಬಹುಮತವಿಲ್ಲ ಎಂದರ್ಥ. ನಮ್ಮ ಭಾಷೆಯಲ್ಲಿ ಅತಂತ್ರ. ವಿಜಯಪುರದವರಿಗೆ ಇದನ್ನು ವಿವರಿಸಬೇಕಾಗಿಲ್ಲ: 2022ರ ಅಕ್ಟೋಬರ್‌ನಲ್ಲಿ ನಮ್ಮ ಮಹಾನಗರ ಪಾಲಿಕೆಯ 35 ವಾರ್ಡುಗಳಲ್ಲಿ ಬಿಜೆಪಿಗೆ ಬಂದದ್ದು 17, ಕಾಂಗ್ರೆಸ್‌ಗೆ 10. ಒಂದೇ ಒಂದು ಸ್ಥಾನ ಕಡಿಮೆ. ನಮ್ಮಲ್ಲಿ ಮೇಯರ್ ಚುನಾವಣೆಗೆ ಶಾಸಕರೂ ಸಂಸದರೂ ಬಂದು ಕೈ ಎತ್ತುತ್ತಾರೆ. ಅಲ್ಲಿ ಸಂಸದರಿಗೆ ಕೌನ್ಸಿಲ್‌ನಲ್ಲಿ ಮತವಿಲ್ಲ. ಹೀಗಾಗಿ ಅಲ್ಲಿ ಅತಂತ್ರವಾದರೆ ಕೌನ್ಸಿಲರ್‌ಗಳ ತಲೆ ಎಣಿಕೆಯೇ ಎಲ್ಲ. ಗೆದ್ದ ಮೇಲೆ ಪಕ್ಷ ಬದಲಿಸಿದರೂ ಅವರ ಸ್ಥಾನ ಹೋಗುವುದಿಲ್ಲ. ಮೇ ತಿಂಗಳಲ್ಲಿ ಎಣಿಸಿದ ಲೆಕ್ಕ ದೀಪಾವಳಿಗೆ ಹಾಗೆಯೇ ಇರುತ್ತದೆಂದು ತಿಳಿಯಬೇಡಿ.

ಚುನಾವಣೆಯಾದ ಮೇಲೆ ವಾರ್ಷಿಕ ಸಭೆ ನಡೆಯುತ್ತದೆ. ಕೊರಳಲ್ಲಿ ದಪ್ಪ ಸರ ಹಾಕಿಕೊಂಡು ಚಿತ್ರಕ್ಕೆ ನಿಲ್ಲುವ ಮೇಯರ್ ಅವರನ್ನು ಆಳುವವರೆಂದು ಭಾವಿಸಬೇಡಿ. ಹೆಚ್ಚಿನ ಬರೋಗಳಲ್ಲಿ ಅದು ಗೌರವದ ಹುದ್ದೆ. ಕೀಲಿಕೈ ಇರುವುದು ಸಾಮಾನ್ಯವಾಗಿ ‘ಲೀಡರ್’ ಎಂಬವರ ಕೈಯಲ್ಲಿ, ಅವರನ್ನು ಕೌನ್ಸಿಲರ್‌ಗಳು ಆರಿಸುತ್ತಾರೆ. ವಾಟ್‌ಫರ್ಡ್, ಬೆಡ್‌ಫರ್ಡ್‌ನಂಥ ಕೆಲವೆಡೆ ಮಾತ್ರ ಜನರೇ ನೇರವಾಗಿ ಮೇಯರ್‌ನನ್ನು ಆರಿಸಿ ಅಧಿಕಾರ ಕೊಡುತ್ತಾರೆ.

ಮಗಳಿಗೆ ಕೊನೆಯದಾಗಿ ಕೇಳಬೇಕಾದ ಪ್ರಶ್ನೆ: ನಿಮ್ಮ ಬರೋದ ಮೇಲೆ ಕೌಂಟಿ ಕೌನ್ಸಿಲ್ (ನಮ್ಮ ಜಿಲ್ಲಾ ಪಂಚಾಯಿತಿಯಂಥದ್ದು) ಬೇರೆ ಇದೆಯೇ? ಇದ್ದರೆ ರಸ್ತೆ, ಶಾಲೆ ಕೌಂಟಿಯ ಪಾಲು. ಕಸ, ಮನೆ ಕಟ್ಟುವ ಪರವಾನಗಿ, ಉದ್ಯಾನ ಬರೋದ ಪಾಲು. ನನ್ನ ಮಗಳು ಮನೆಯ ಮುಂದಿನ ರಸ್ತೆಯ ಗುಂಡಿಯ ಸಿಟ್ಟಿಗೆ ಮತ ಹಾಕಿ ಬಂದಿದ್ದಳು. ಗುಂಡಿ ಕೌಂಟಿಯದು. ಹೊಸ ಕೌನ್ಸಿಲರ್ ಅವಳ ಮಿಂಚಂಚೆಗೆ ಬಹಳ ವಿನಯದಿಂದ ಉತ್ತರಿಸಿ, ಕಸದ ತೊಟ್ಟಿಯ ಬಗ್ಗೆ ಏನಾದರೂ ದೂರು ಇದೆಯೇ ಎಂದು ಕೇಳಿದ್ದಾರೆ.